ಹಂಡೆಯೊಲೆ ಆರಲೇ ಇಲ್ಲ

ಕಳೆದ ಯಕ್ಷಗಾನ ತಿರುಗಾಟದ ಒಂದು ಬೆಳಗ್ಗೆ ಐದೂಮುಕ್ಕಾಲಿಗೆ ಬೈಲೂರಿನ ಮಾವನ ಫೋನ್ ಬಂತು, ಅದೂ ಬೇರೆ ಯಾರದೋ ನಂಬರಿನಿಂದ. "ಎಂತ ಮಾರಾಯ ನಿನ್ನ ಆ್ಯಪ್? ಅದನ್ನು ಹಾಕಿದಲ್ಲಿಂದ ನನ್ನ ಫೋನು ಬೆಳಗ್ಗಿನವರೆಗೆ ಬಾಳುವುದೇ ಇಲ್ಲ. ಮಹಿಷಾಸುರನ ಪ್ರವೇಶದ ಒಂದು ವಿಡಿಯೊ ತೆಗೆಯುವಾ ಅಂತ ನೋಡಿದರೆ ಸ್ವಿಚ್ ಆಫ್."

ಆ್ಯಪ್ ನನ್ನದೇ. ಇವತ್ತು ಯಾವ ಮೇಳದ ಆಟ ಎಲ್ಲಿ ಎಂದು ತೋರಿಸುವುದಷ್ಟೇ ಅದರ ಕೆಲಸ. ಮೂರು ಪರದೆ, ಒಂದು ಪಟ್ಟಿ, ಪೋಸ್ಟರಿನ ಒಂದು ಚಿತ್ರ. ಹೊಟ್ಟೆಪಾಡಿಗೆ ಲೆಕ್ಕಪತ್ರ ಬರೆಯುವವನಿಗೆ ಸಂಜೆಯ ಹವ್ಯಾಸವಾಗಿ ಇಷ್ಟು ಸಾಕು. ಬಳಸುವವರು ನೂರು ಜನ ಇದ್ದಾರೆಯೋ ಇಲ್ಲವೋ. ಅವರಲ್ಲಿ ಇಡೀ ರಾತ್ರಿ ಆಟ ನೋಡುವವರು ಮಾವನೊಬ್ಬರೇ ಇರಬೇಕು. ಕಾಲಮಿತಿಯ ಆಟವನ್ನು ಅವರು ಆಟದ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಉಡುಪಿಯಲ್ಲಿ ಕೂತು ಆ್ಯಪ್ ಕಟ್ಟುತ್ತೇನೆ ಎಂದರೆ ಹೊರಗಿನವರು ಹುಬ್ಬೇರಿಸುತ್ತಾರೆ, ಊರಿನವರಿಗೆ ಆಶ್ಚರ್ಯವೇನಿಲ್ಲ. ರೋಹಿತ್ ಭಟ್ ಇಲ್ಲಿ ರೋಬೊಸಾಫ್ಟ್ ಶುರು ಮಾಡಿದ್ದು 1996ರಲ್ಲಿ. ಕೈಯಲ್ಲಿ ಹಿಡಿಯುವ ಫೋನಿಗೆ ಇನ್ನೂ ಆ್ಯಪ್ ಅಂಗಡಿಯೇ ಇಲ್ಲದ ಕಾಲ ಅದು, ಅವರು ಬರೆಯುತ್ತಿದ್ದದ್ದು ಮ್ಯಾಕ್ ಕಂಪ್ಯೂಟರಿನ ತಂತ್ರಾಂಶ. ಮುಂದೆ ಇದೇ ಊರಿನ 99ಗೇಮ್ಸ್ ಮಾಡಿದ 'ಸ್ಟಾರ್ ಶೆಫ್' ಆಟವನ್ನು ಜಗತ್ತೆಲ್ಲ ಆಡಿತು. ಹೋಟೆಲಿಗೆ ಹೆಸರಾದ ಊರಿನಿಂದ ಅಡುಗೆಯ ಆಟ. ಇದನ್ನು ಯಾರಾದರೂ ಬೇಕೆಂದೇ ಮಾಡಿದ್ದೋ ಎಂದು ನನಗೆ ಇವತ್ತಿಗೂ ಅನುಮಾನ.

ಮಾವನ ದೂರಿಗೆ ಉತ್ತರ ಆಂಡ್ರಾಯ್ಡ್ ಸ್ಟುಡಿಯೊದಲ್ಲಿ ಸಿಗಲಿಲ್ಲ. ಅದು ಫೋನಿನ ಒಳಗಿನದ್ದನ್ನೆಲ್ಲ ಚೆನ್ನಾಗಿ ತೋರಿಸುತ್ತದೆ: ಮೆಮೊರಿ ಎಷ್ಟು, ಪ್ರೊಸೆಸರ್ ಎಷ್ಟು ಎಂದು. ಫೋನಿಗೂ ಟವರಿಗೂ ನಡುವೆ ಏನು ನಡೆಯುತ್ತದೆ ಎನ್ನುವುದು ಮಾತ್ರ ಅದಕ್ಕೆ ಹೊರಗಿನ ವಿಷಯ. ಅದನ್ನು ಬಲ್ಲವರು ಸಿಮ್ ಕಂಪನಿಯವರು. ಹಾಗಾಗಿ ಈ ವಾರ ಒಂದು ಸಿಮ್ ಕಂಪನಿಯ ಟೂಲ್‌ಕಿಟ್ ವಿಚಾರ.

2010ರ ಆಸುಪಾಸಿನಲ್ಲಿ ಆ್ಯಪ್ ಬರೆಯುವವರನ್ನು ಒಲಿಸಿಕೊಳ್ಳಲು ದೊಡ್ಡ ಟೆಲಿಕಾಂ ಕಂಪನಿಗಳೆಲ್ಲ ಹೊರಟಿದ್ದವು. ಸ್ಪೇನಿನ ಟೆಲಿಫೋನಿಕಾ 'ಬ್ಲೂವಿಯಾ' ಎಂಬ ಅಂಗಡಿ ತೆರೆಯಿತು. ಅಮೆರಿಕದ ಎಟಿ ಆ್ಯಂಡ್ ಟಿ ಟೂಲ್‌ಕಿಟ್‌ಗಳನ್ನೂ ಪ್ಲಗಿನ್‌ಗಳನ್ನೂ ಹಂಚಿತು. ಆಗ ನಾವೆಲ್ಲ ಎಕ್ಲಿಪ್ಸ್‌ನಲ್ಲಿ ಆ್ಯಪ್ ಬರೆಯುತ್ತಿದ್ದದ್ದು. 2015ರ ಕೊನೆಗೆ ಗೂಗಲ್ ಎಕ್ಲಿಪ್ಸಿನ ಕೈಬಿಟ್ಟಿತು, ಅದಕ್ಕೆ ಜೋತುಬಿದ್ದಿದ್ದ ಪ್ಲಗಿನ್‌ಗಳ ಕಥೆಯೂ ಅಲ್ಲಿಗೆ ಮುಗಿಯಿತು. ಆ ರಾಶಿಯಲ್ಲಿ ನಾನು ಇನ್ನೂ ಎತ್ತಿಟ್ಟುಕೊಂಡಿರುವುದು ಒಂದನ್ನೇ. ಎಟಿ ಆ್ಯಂಡ್ ಟಿಯ 'ಅಪ್ಲಿಕೇಶನ್ ರಿಸೋರ್ಸ್ ಆಪ್ಟಿಮೈಸರ್', ಕರೆಯುವ ಹೆಸರು ಆರೊ. ಮುಂದೆ ಅದಕ್ಕೆ 'ವಿಡಿಯೊ ಆಪ್ಟಿಮೈಸರ್' ಎಂದು ನಾಮಕರಣವಾಯಿತು. ಹಳೆಯ ಹೆಸರೇ ಚೆನ್ನಾಗಿತ್ತು. ಪುಕ್ಕಟೆ, ಕೋಡ್ ಕೂಡ ಗಿಟ್‌ಹಬ್‌ನಲ್ಲಿ ತೆರೆದಿಟ್ಟದ್ದು.

ಇದರ ಹುಟ್ಟಿನ ಕಥೆ ಚೆನ್ನಾಗಿದೆ. ಮಿಷಿಗನ್ ವಿಶ್ವವಿದ್ಯಾಲಯದ ಫೆಂಗ್ ಚಿಯಾನ್ ಮತ್ತು ಎಟಿ ಆ್ಯಂಡ್ ಟಿಯ ಸಂಶೋಧಕರು ಕೂಡಿ 2011ರಲ್ಲಿ ಇದರ ಬಗ್ಗೆ ಒಂದು ಪ್ರಬಂಧ ಬರೆದರು. ಅವರು ಪರೀಕ್ಷಿಸಿದ ಆ್ಯಪ್‌ಗಳಲ್ಲಿ ಹಾಡು ಕೇಳಿಸುವ ಪಂಡೋರಾ ಒಂದು. ಅದು ಹಾಡನ್ನು ಒಂದೇ ಉಸಿರಿಗೆ ಇಳಿಸಿಕೊಂಡು ಸುಮ್ಮನಿರುತ್ತಿತ್ತು, ಅದು ಒಳ್ಳೆಯ ಗುಣ. ಆದರೆ ಕೇಳುಗರ ಲೆಕ್ಕ ಹಿಡಿಯಲು 62.5 ಸೆಕೆಂಡಿಗೊಮ್ಮೆ ಒಂದು ಚೂರು ಮಾಹಿತಿ ಕಳಿಸುತ್ತಿತ್ತು. ಒಟ್ಟು ಡೇಟಾದಲ್ಲಿ ಆ ಚೂರುಗಳ ಪಾಲು ಶೇಕಡಾ 0.2. ರೇಡಿಯೊ ತಿಂದ ಬ್ಯಾಟರಿಯಲ್ಲಿ ಅವುಗಳ ಪಾಲು ಶೇಕಡಾ 46.

ಕಾರಣ ತಿಳಿಯಬೇಕಾದರೆ ನಮ್ಮ ಬಚ್ಚಲಿನ ಹಂಡೆಯೊಲೆ ನೆನಪಿದ್ದರೆ ಸಾಕು. ಒಂದು ಚೊಂಬು ಬಿಸಿನೀರಿಗೂ ಒಲೆ ಹೊತ್ತಿಸಲೇಬೇಕು, ಮಡಲು, ಗೆರಟೆ ಎಲ್ಲ ತುಂಬಬೇಕು. ನೀರು ತೋಡಿ ಮುಗಿದ ಮೇಲೂ ಒಲೆ ಕೂಡಲೇ ಆರುವುದಿಲ್ಲ, ಕೆಂಡ ನಿಗಿನಿಗಿ ಅನ್ನುತ್ತಲೇ ಇರುತ್ತದೆ. ಫೋನಿನ ರೇಡಿಯೊದ ರೀತಿಯೂ ಅದೇ. ಒಂದು ಸಣ್ಣ ಸಂದೇಶ ಹೋದರೂ ಅದು ಪೂರ್ತಿ ಎದ್ದು ಕೂರುತ್ತದೆ, ಕೆಲಸ ಮುಗಿದ ಮೇಲೂ 'ಇನ್ನೇನಾದರೂ ಬಂದೀತು' ಎಂದು ಕಾಯುತ್ತದೆ. ಆ ಪ್ರಬಂಧದಲ್ಲಿ ಅಳೆದ 3ಜಿ ಜಾಲದಲ್ಲಿ ಪೂರ್ತಿ ಉರಿಯಲ್ಲಿ 5 ಸೆಕೆಂಡು, ಅರೆ ಉರಿಯಲ್ಲಿ ಮತ್ತೆ 12 ಸೆಕೆಂಡು. ಮರುವರ್ಷ ಅಮೆರಿಕದ ಒಂದು 4ಜಿ ಜಾಲದಲ್ಲಿ ಅಳೆದಾಗ ಸುಮಾರು 11.5 ಸೆಕೆಂಡು. ಎಷ್ಟು ಹೊತ್ತು ಕಾಯಬೇಕೆಂದು ಹೇಳುವುದು ಫೋನಲ್ಲ, ಆ್ಯಪ್ ಬರೆದವನೂ ಅಲ್ಲ, ಜಾಲ. ಈ ಟೂಲನ್ನು ಕಟ್ಟಲು ಸಿಮ್ ಕಂಪನಿಯೇ ಬೇಕಾಗಿದ್ದು ಅದಕ್ಕೆ.

ಇನ್‌ಸ್ಟಾಲ್ ಮಾಡುವುದರಲ್ಲಿ ಗಹನವಾದದ್ದೇನಿಲ್ಲ, ತಾಳ್ಮೆ ಬೇಕು. ಲ್ಯಾಪ್‌ಟಾಪಿನಲ್ಲಿ ಜಾವಾ ಇರಬೇಕು, ಆಂಡ್ರಾಯ್ಡಿನ ಎಡಿಬಿ ಇರಬೇಕು. ಫೋನಿನ ಸೆಟ್ಟಿಂಗ್ಸಿನಲ್ಲಿ ಬಿಲ್ಡ್ ನಂಬರಿನ ಮೇಲೆ ಏಳು ಸಲ ಕುಟ್ಟಿದರೆ 'ನೀವೀಗ ಡೆವಲಪರ್' ಎಂದು ಅದು ಸಾರುತ್ತದೆ. ಮಣಿಪಾಲದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಇದಕ್ಕೆ ನಾಲ್ಕು ವರ್ಷ ಹಿಡಿಯುತ್ತದೆ. ಆಮೇಲೆ ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ ಕೇಬಲ್ ಚುಚ್ಚಬೇಕು. ನಾನು ಚುಚ್ಚಿದೆ, ಫೋನು ಚಾರ್ಜ್ ಆಗತೊಡಗಿತು, ಲ್ಯಾಪ್‌ಟಾಪಿಗೆ ಮಾತ್ರ ಅದರ ಸುಳಿವೇ ಇಲ್ಲ. ಡ್ರೈವರ್ ಬದಲಿಸಿದೆ, ರೀಸ್ಟಾರ್ಟ್ ಮಾಡಿದೆ, ಒಂದು ಗಂಟೆ ಹೋಯಿತು. ಕೊನೆಗೆ ನೋಡಿದರೆ ಅದು ಬರೀ ಚಾರ್ಜ್ ಮಾಡುವ ಕೇಬಲ್, ಡೇಟಾದ ತಂತಿಯೇ ಒಳಗಿಲ್ಲ. ಮನೆಯಲ್ಲಿ ಅಂಥವು ನಾಲ್ಕಿದ್ದವು. ಈಗ ಸರಿಯಾದದ್ದಕ್ಕೆ ಕೆಂಪು ನೂಲು ಕಟ್ಟಿಟ್ಟಿದ್ದೇನೆ.

ಕೇಬಲ್ ಸರಿಯಾದ ಮೇಲೆ ಎಡಿಬಿ 'ಅನ್‌ಆಥರೈಸ್ಡ್' ಎಂದಿತು. ಫೋನಿನ ಪರದೆಯಲ್ಲಿ ಅನುಮತಿ ಕೇಳುವ ಚೌಕ ಎದ್ದಿತ್ತು, ನಾನು ಫೋನನ್ನು ಮಗುಚಿ ಇಟ್ಟಿದ್ದೆ. ಇದಾದ ಮೇಲೆ ಟೂಲ್ ಫೋನಿನೊಳಗೆ ತನ್ನ ಒಬ್ಬ ಗುಮಾಸ್ತನನ್ನು ಕೂರಿಸುತ್ತದೆ. ಫೋನನ್ನು ರೂಟ್ ಮಾಡಬೇಕಿಲ್ಲ, ವಿಪಿಎನ್ ವೇಷ ತೊಟ್ಟು ಹೋಗಿಬರುವ ಪ್ರತಿ ಡೇಟಾ ಪೊಟ್ಟಣವನ್ನೂ ಅವನು ಬರೆದಿಡುತ್ತಾನೆ. ಮೇಲ್ಪಟ್ಟಿಯಲ್ಲಿ ಕೀಲಿಕೈ ಚಿಹ್ನೆ ಕಂಡರೆ ಕೆಲಸಕ್ಕೆ ಹತ್ತಿದ್ದಾನೆ ಎಂದರ್ಥ. ಒಂದು ಗಂಟು ಮಾತ್ರ ಬಿಡಿಸಿಕೊಳ್ಳಬೇಕು. ಆಂಡ್ರಾಯ್ಡ್ 7ರ ನಂತರ ನಾವು ಹಾಕಿದ ಸರ್ಟಿಫಿಕೇಟನ್ನು ಆ್ಯಪ್‌ಗಳು ತಾವಾಗಿ ನಂಬುವುದಿಲ್ಲ. ಬೀಗ ಹಾಕಿದ ಮಾತುಕತೆಯ ಒಳಗೇನಿದೆ ಎಂದು ಓದಬೇಕಾದರೆ ನಿಮ್ಮದೇ ಆ್ಯಪಿನ ಡಿಬಗ್ ಆವೃತ್ತಿಯಲ್ಲಿ 'ಇದನ್ನು ನಂಬು' ಎಂದು ಬರೆದುಕೊಡಬೇಕು. ಬೇರೆಯವರ ಆ್ಯಪಿನೊಳಗೆ ಇಣುಕಲು ಇದು ದಾರಿಯಲ್ಲ, ಆಗಬಾರದು ಕೂಡ.

ಪರೀಕ್ಷೆ ಮೇಜಿನ ಮೇಲೆ ಮಾಡಬೇಡಿ. ವೈಫೈಯಲ್ಲಂತೂ ಬೇಡವೇ ಬೇಡ. ನಾನು ಲ್ಯಾಪ್‌ಟಾಪ್ ಮಡಿಲಲ್ಲಿಟ್ಟುಕೊಂಡು ಉಡುಪಿಯಿಂದ ಕಾರ್ಕಳದ ಬಸ್ ಹತ್ತಿದೆ. ಮಣಿಪಾಲ, ಪರ್ಕಳ, ಆತ್ರಾಡಿ, ಹಿರಿಯಡ್ಕ, ಬೈಲೂರು. ಟಿಕೆಟ್ ಹರಿಯುತ್ತಾ ಬಂದ ಕಂಡಕ್ಟರು ತಂತಿ, ಫೋನು, ಪರದೆ ಎಲ್ಲ ನೋಡಿ "ಎಂತ, ಸರ್ವೆಯಾ? ಹಿರಿಯಡ್ಕ ದಾಟಿದ ಮೇಲೆ ನಮ್ಮ ಮನೆಯಲ್ಲಿ ಸಿಗ್ನಲ್ಲೇ ಇಲ್ಲ, ಬರೆದುಕೊಳ್ಳಿ" ಎಂದರು. ಬರೆದುಕೊಂಡೆ. ಅವರು ಸಮಾಧಾನದಿಂದ ಹಿಂದಿನ ಸೀಟಿಗೆ ಹೋದರು.

ಮನೆಗೆ ಬಂದು ಆ ಗುಮಾಸ್ತ ಬರೆದಿಟ್ಟ ಟ್ರೇಸ್ ತೆರೆದೆ. ಒಂದು ಕಡೆ ಫೋನಿನ ಪರದೆಯ ವಿಡಿಯೊ, ಇನ್ನೊಂದು ಕಡೆ ಸಮಯದ ಗೆರೆ, ಅದರ ಮೇಲೆ ಪೊಟ್ಟಣಗಳ ಗೀಟು, ಅದರ ಜತೆಗೆ ರೇಡಿಯೊ ಯಾವ ಸ್ಥಿತಿಯಲ್ಲಿತ್ತು ಎನ್ನುವ ಬಣ್ಣದ ಪಟ್ಟಿ. ಮಣಿಪಾಲದಿಂದ ಕಾರ್ಕಳದವರೆಗೆ ನಾನು ಫೋನನ್ನು ಮುಟ್ಟಿಯೇ ಇರಲಿಲ್ಲ. ಆದರೂ ಬೇಲಿಯ ಗೂಟಗಳ ಹಾಗೆ ನಿಮಿಷಕ್ಕೊಂದು ಗೀಟು ಸಾಲಾಗಿ ನಿಂತಿತ್ತು. ಒಂದೊಂದು ಗೀಟಿನ ಹಿಂದೆಯೂ ಕೆಂಡದ ಬಾಲ. ಟೂಲ್ ಅವಕ್ಕೆ 'ಪೀರಿಯಾಡಿಕ್' ಎಂಬ ಹಣೆಪಟ್ಟಿಯನ್ನೂ ಅಂಟಿಸಿತ್ತು.

ಪಂಡೋರಾದ ಕಥೆ ಓದಿ ನಕ್ಕವನು ನಾನೇ. ನನ್ನ ಆ್ಯಪ್ ನಿಮಿಷಕ್ಕೊಮ್ಮೆ ಸರ್ವರಿಗೆ ಹೋಗಿ 'ಆಟ ಎಲ್ಲಿ?' ಎಂದು ಕೇಳುತ್ತಿತ್ತು. ಕಟೀಲು, ಮಂದಾರ್ತಿಯ ಹರಕೆ ಆಟಗಳು ವರ್ಷಗಳ ಮೊದಲೇ ಬುಕ್ಕಾಗಿರುತ್ತವೆ ಎನ್ನುವುದು ಊರಿನ ಮಕ್ಕಳಿಗೂ ಗೊತ್ತು. ಆಟ ಶುರುವಾಗಿ ಚೌಕಿಯಲ್ಲಿ ಕಿರೀಟ ಕಟ್ಟುತ್ತಿರುವಾಗಲೂ, ಮಾವ ಕುರ್ಚಿಯಲ್ಲಿ ಕೂತು ನೋಡುತ್ತಿರುವಾಗಲೂ, ಅವರ ಕಿಸೆಯೊಳಗಿಂದ ಅದು ಕೇಳುತ್ತಲೇ ಇತ್ತು. ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ 540 ಸಲ. ಒಂದಕ್ಕೆ 11.5 ಸೆಕೆಂಡಿನ ಕೆಂಡ ಎಂದು ಹಿಡಿದರೂ ಒಂದೂಮುಕ್ಕಾಲು ಗಂಟೆಯ ಹತ್ತಿರ ಹತ್ತಿರ ಒಲೆ ಉರಿದದ್ದು ಬರೀ ಕಾಯುವುದಕ್ಕೆ. ಇಂಥ ಚಟವಿರುವ ಆ್ಯಪ್‌ಗಳನ್ನು ಆಂಡ್ರಾಯ್ಡ್ ತಾನೇ ಮಲಗಿಸುತ್ತದೆ, ನಿಜ. ಆದರೆ 'ಅಪ್‌ಡೇಟ್ ತಡವಾಗಬಾರದು' ಎಂದು ಮಾವನ ಫೋನಿನಲ್ಲಿ ಆ ಕಡಿವಾಣವನ್ನು ಕಳಚಿ ಬಂದವನೂ ನಾನೇ.

ಎರಡನೆಯ ಟ್ರೇಸ್ ಕಾಪುವಿನಲ್ಲಿ ತೆಗೆದದ್ದು, 1901ರ ಆ ದೀಪಸ್ತಂಭದ ಬುಡದ ಬಂಡೆಯ ಮೇಲೆ ಕೂತು. ಅಲ್ಲಿ ಸಿಕ್ಕಿದ್ದು ಇನ್ನೊಂದು ದಡ್ಡತನ. ಪೋಸ್ಟರಿನ ಚಿತ್ರವನ್ನು ಆ್ಯಪ್ ಪ್ರತಿ ಸಲವೂ ಹೊಸದಾಗಿ ಇಳಿಸಿಕೊಳ್ಳುತ್ತಿತ್ತು. 'ಡುಪ್ಲಿಕೇಟ್ ಕಂಟೆಂಟ್' ಎಂದು ಟೂಲ್ ತೋರಿಸಿಕೊಟ್ಟಿತು. ಇದು ಸರ್ವರಿನಲ್ಲಿ ಎರಡು ಸಾಲಿನ ರಿಪೇರಿ, ಹೇಳಲು ಹೆಚ್ಚೇನಿಲ್ಲ. ಲ್ಯಾಪ್‌ಟಾಪಿಗೆ ಉಪ್ಪುಗಾಳಿ ಒಳ್ಳೆಯದಲ್ಲ ಎನ್ನುವುದನ್ನು ಬೇಕಾದರೆ ಸೇರಿಸಿಕೊಳ್ಳಿ.

ಟೂಲಿನ ಮಾತನ್ನೆಲ್ಲ ವೇದವಾಕ್ಯ ಎಂದು ಹಿಡಿಯಬೇಕಿಲ್ಲ. ಬ್ಯಾಟರಿ ಇಷ್ಟು ಖರ್ಚಾಯಿತು ಎಂದು ಅದು ಕೊಡುವ ಅಂಕಿ ಅಳೆದದ್ದಲ್ಲ, ಒಂದು ಪ್ರೊಫೈಲ್ ಇಟ್ಟುಕೊಂಡು ಗುಣಿಸಿದ್ದು. ಆ ಪ್ರೊಫೈಲ್ ಅಮೆರಿಕದ ಜಾಲದ್ದು. 3ಜಿ ಪ್ರೊಫೈಲನ್ನಂತೂ ನಮ್ಮಲ್ಲಿ ಮುಟ್ಟಲೇಬೇಡಿ. 2016ರ ಸೆಪ್ಟೆಂಬರ್ 5ರಂದು ಬಂದ ಜಿಯೊ ಶುರುವಾದದ್ದೇ 4ಜಿಯಿಂದ. ನಾನು 4ಜಿಯದ್ದನ್ನು ಆರಿಸಿ, ನಿನ್ನೆಯ ಟ್ರೇಸಿಗಿಂತ ಇವತ್ತಿನದು ಎಷ್ಟು ಇಳಿಯಿತು ಎನ್ನುವುದನ್ನಷ್ಟೇ ನೋಡುತ್ತೇನೆ. ಗೀಟುಗಳು ಸುಳ್ಳು ಹೇಳುವುದಿಲ್ಲ, ಗುಣಾಕಾರ ಹೇಳಬಹುದು.

ಈಗ ಸಿಮ್ ಕಂಪನಿಗಳು ಮತ್ತೆ ಆ್ಯಪ್ ಬರೆಯುವವರ ಬಾಗಿಲಿಗೆ ಬಂದಿವೆ. 2023ರ ಫೆಬ್ರವರಿಯಲ್ಲಿ ಬಾರ್ಸಿಲೋನಾದಲ್ಲಿ 21 ಕಂಪನಿಗಳು ಸೇರಿ ತಮ್ಮ ಜಾಲವನ್ನು ಆ್ಯಪ್‌ಗಳಿಗೆ ತೆರೆದಿಡುವ 'ಓಪನ್ ಗೇಟ್‌ವೇ' ಯೋಜನೆ ಘೋಷಿಸಿದವು, ನಮ್ಮ ಏರ್‌ಟೆಲ್ ಅದರಲ್ಲಿತ್ತು. ಸದ್ಯಕ್ಕೆ ನನ್ನಂಥವನಿಗೆ ಅವರ ದರ್ಶನ ಆಗುವುದು ಎಸ್ಸೆಮ್ಮೆಸ್ಸಿನ ಮೂಲಕವೇ. ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರಿಗೆ ಸಂಜೆ ಒಂದು ಸಂದೇಶ ಕಳಿಸೋಣ ಎಂದು ಹೊರಟೆ. ಇಂಗ್ಲಿಷಿನಲ್ಲಾದರೆ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡಕ್ಕೆ 70. ಅದರಲ್ಲೂ 'ಕಾರ್ಕಳ' ಎಂದರೆ ನಮಗೆ ಮೂರಕ್ಷರ, ಅವರ ಎಣಿಕೆಯಲ್ಲಿ ಆರು: ಕ, ದೀರ್ಘ, ರ, ವಿರಾಮ, ಕ, ಳ. ಅರ್ಕಾವತ್ತು ಬರೆಯುವ ಚಪಲಕ್ಕೆ ಇಷ್ಟು ದಂಡ. ಮೊಬೈಲ್ ಮಾನಕದಲ್ಲಿ ಕನ್ನಡಕ್ಕೆಂದೇ ಒಂದು ಕೋಷ್ಟಕವಿದೆ, ಅದನ್ನು ಬಳಸಿದರೆ ಹೆಚ್ಚು ಹಿಡಿಸಬಹುದು. ಅದರಲ್ಲಿ ಬಂದ ಒಂದು ಸಂದೇಶವನ್ನೂ ನಾನು ಇದುವರೆಗೆ ಕಂಡಿಲ್ಲ.

ಮಾವನ ವಿಷಯಕ್ಕೆ ಬಂದರೆ, ಮದ್ದು ಆಟದ ಮನೆಯಲ್ಲೇ ಇತ್ತು. ಮೇಳದವರು ಮನೆಮನೆಗೆ ಹೋಗಿ ಆಟ ಉಂಟು ಎಂದು ಹೇಳುವುದಿಲ್ಲ, ನಾವೂ ನಿಮಿಷಕ್ಕೊಮ್ಮೆ ಗದ್ದೆಗೆ ಓಡಿ ನೋಡುವುದಿಲ್ಲ. ಹೊತ್ತು ಮುಳುಗುವಾಗ ಒಮ್ಮೆ 'ಕೇಳಿ' ಬಾರಿಸುತ್ತಾರೆ, ಚೆಂಡೆಯ ಪೆಟ್ಟು ನಾಲ್ಕೂರಿಗೆ ಮುಟ್ಟುತ್ತದೆ. ಪುಶ್ ನೋಟಿಫಿಕೇಶನ್ ಎಂದರೆ ಅದೇ. ಎಲ್ಲ ಆ್ಯಪ್‌ಗಳಿಗೂ ಸೇರಿ ಗೂಗಲ್ ಇಟ್ಟಿರುವ ಒಂದೇ ಸಂಪರ್ಕದಲ್ಲಿ ಅದು ಬರುತ್ತದೆ, ಹಂಡೆಯ ನೀರಲ್ಲಿ ಮನೆಮಂದಿಯೆಲ್ಲ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿದ ಹಾಗೆ. ನನ್ನ ಟೈಮರನ್ನು ಕಿತ್ತು ಹಾಕಿದೆ. ಮಳೆ ಬಂದು ಆಟ ನಿಂತರೆ ಮಾತ್ರ ಎರಡನೆಯ ಪೆಟ್ಟು.

ಹೊಸ ಆವೃತ್ತಿಯ ಟ್ರೇಸಿನಲ್ಲಿ ಸಂಜೆಯ ಒಂದು ಗೀಟು ಬಿಟ್ಟರೆ ನನ್ನ ಆ್ಯಪಿನ ಸದ್ದಿಲ್ಲ. ಬೈಲೂರಿಗೆ ಹೋಗಿ ಮಾವನ ಫೋನಿಗೂ ಅದನ್ನೇ ಹಾಕಿಕೊಟ್ಟು, ಕಳಚಿದ್ದ ಕಡಿವಾಣ ತೊಡಿಸಿ ಬಂದೆ. ಮುಂದಿನ ಶನಿವಾರ ಬೆಳಗ್ಗೆ ಮತ್ತೆ ಫೋನ್ ಬಂತು, ಈ ಸಲ ಅವರದೇ ನಂಬರಿನಿಂದ.

"ಬ್ಯಾಟರಿ ಉಂಟು ಮಾರಾಯ, ಇನ್ನೂ ಅರ್ಧ ಉಂಟು. ಮಹಿಷಾಸುರನ ವಿಡಿಯೊ ತೆಗೆದದ್ದೇ. ಆಟ ಬಿಟ್ಟು ಅರ್ಧ ಗಂಟೆ ಆಯಿತು, ಇಲ್ಲಿಂದ ಫಸ್ಟ್ ಬಸ್ ಎಷ್ಟು ಗಂಟೆಗೆ ಅಂತ ನಿನ್ನ ಆ್ಯಪಿನಲ್ಲಿ ಎಲ್ಲಿ ನೋಡುವುದು?"