ವೃಷಭಾವತಿಯ ತಲೆಯಲ್ಲಿ ಒಕ್ಕಲಾದವರು: ಬೆಂಗಳೂರಿನ ಬಡಾವಣೆಗಳ ಇತಿಹಾಸಲೇಖನದ ವಿಮರ್ಶೆ

ಬೆಂಗಳೂರಿಗೆ ನದಿಯಿಲ್ಲವೆಂಬ ಮಾತು ನಮ್ಮಲ್ಲಿ ಬಹುಕಾಲದಿಂದ ರೂಢವಾಗಿದೆ. ತುಂಗೆಯ ದಡದವರೂ ಕಾವೇರಿಯ ದಡದವರೂ ಇದನ್ನು ತುಸು ಅನುಕಂಪದಿಂದ ಹೇಳುತ್ತಾರೆ. ಬೆಂಗಳೂರಿನವರು ತಮ್ಮ ಊರಿನ ಹವೆಯನ್ನು ಹೊಗಳುವ ಭರದಲ್ಲಿ ಆ ಕೊರತೆಯನ್ನು ಮರೆಯುತ್ತಾರೆ. ನಗರದ ಚರಿತ್ರೆಯನ್ನು ಬರೆದವರಲ್ಲಿಯೂ ಅನೇಕರು ಈ ಮಾತನ್ನು ಪರೀಕ್ಷಿಸದೆ ಅಂಗೀಕರಿಸಿದ್ದಾರೆ. ಆದರೆ ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ವೃಷಭಾವತಿ ಹುಟ್ಟುತ್ತಾಳೆಂಬುದು ಆ ಭಾಗದ ಐತಿಹ್ಯ. ಅದೇ ನದಿಯ ಇನ್ನೊಂದು ಮೂಲವು ಮಲ್ಲೇಶ್ವರದ ಕಾಡು ಮಲ್ಲೇಶ್ವರನ ಸನ್ನಿಧಿಯಲ್ಲಿರುವುದೆಂಬುದು ಅಲ್ಲಿನವರ ನಂಬಿಕೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪೇಟೆಯನ್ನು ಬಿಟ್ಟು ಹೊರಟ ಕುಟುಂಬಗಳು ಹೊಸದಾಗಿ ಒಕ್ಕಲಾದದ್ದು ಈ ಎರಡು ನೆಲೆಗಳಲ್ಲಿಯೇ. ಹಾಗಿದ್ದರೂ ನಗರದ ಚರಿತ್ರೆಗಳಲ್ಲಿ ಬಡಾವಣೆಗಳ ಕಥೆ ಒಂದು ಅಧ್ಯಾಯದಲ್ಲಿಯೂ ನೀರಿನ ಕಥೆ ಇನ್ನೊಂದು ಅಧ್ಯಾಯದಲ್ಲಿಯೂ ಬರುತ್ತವೆ. ನದಿಯ ಕಥೆ ಬಹುಮಟ್ಟಿಗೆ ಎಲ್ಲಿಯೂ ಬರುವುದಿಲ್ಲ. ಈ ವಿಂಗಡಣೆಯಿಂದ ನಮ್ಮ ತಿಳಿವಳಿಕೆಗೆ ಏನು ನಷ್ಟವಾಗಿದೆಯೆಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಕಾರಣದ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ಬಸವನಗುಡಿಯನ್ನೂ ಮಲ್ಲೇಶ್ವರವನ್ನೂ ಪ್ಲೇಗು ಕಟ್ಟಿಸಿತೆಂಬುದು ಮನೆಮಾತು. ಶಾಲೆಯ ಪಾಠಗಳಲ್ಲಿಯೂ ಸಂಘಸಂಸ್ಥೆಗಳ ಸ್ಮರಣ ಸಂಚಿಕೆಗಳಲ್ಲಿಯೂ ಇದೇ ಮಾತು ಮರುಕಳಿಸುತ್ತದೆ. ಪ್ಲೇಗು ಬೆಂಗಳೂರನ್ನು ಮುಟ್ಟಿದ್ದು 1898ರ ಆಗಸ್ಟ್ ತಿಂಗಳಿನಲ್ಲಿ. ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. ಬಸವನಗುಡಿ, ಮಲ್ಲೇಶ್ವರಗಳ ಯೋಜನೆಯೂ ಪ್ಲೇಗಿಗಿಂತ ಮುಂಚಿನದೇ. ಹೆಸರಘಟ್ಟದ ಕೆರೆಯಿಂದ ಕೊಳವೆಗಳ ಮೂಲಕ ನಗರಕ್ಕೆ ನೀರು ಬಂದದ್ದು 1896ರಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತವು 1883ರಲ್ಲಿಯೇ ಆರಂಭವಾಗಿತ್ತು. ಈ ತೇದಿಗಳನ್ನು ಸಾಲಾಗಿ ಇಟ್ಟು ನೋಡಿದರೆ, ಪ್ಲೇಗು ಬಡಾವಣೆಗಳನ್ನು ಸ್ಥಾಪಿಸಲಿಲ್ಲ, ಆಗಲೇ ಗೊತ್ತಾಗಿದ್ದ ಬಡಾವಣೆಗಳಿಗೆ ಜನರನ್ನು ಅಟ್ಟಿತು ಎಂಬುದು ಸ್ಪಷ್ಟವಾಗುತ್ತದೆ. ಅಟ್ಟಿದ ಬಲವೇನೂ ಸಾಮಾನ್ಯವಾದುದಲ್ಲ. ಪೇಟೆ, ದಂಡು ಎರಡೂ ಸೇರಿ 1891ರ ಜನಗಣತಿಯಲ್ಲಿ 1,80,366 ಇದ್ದ ಜನಸಂಖ್ಯೆ 1901ರಲ್ಲಿ 1,59,046ಕ್ಕೆ ಇಳಿದಿತ್ತು. ಸತ್ತವರೆಷ್ಟು, ಊರು ಬಿಟ್ಟವರೆಷ್ಟು ಎಂಬುದನ್ನು ಈ ಎರಡು ಅಂಕಿಗಳು ಬೇರ್ಪಡಿಸಿ ಹೇಳಲಾರವು. ಆದರೆ ಚಿಕ್ಕಪೇಟೆ, ಬಳೇಪೇಟೆಗಳ ಮನೆಗಳಲ್ಲಿ ಆಗ ಹಬ್ಬಿದ್ದ ಭಯದ ಪ್ರಮಾಣವನ್ನು ಊಹಿಸಿಕೊಳ್ಳುವುದಕ್ಕೆ ಇಷ್ಟು ಸಾಕು.

ಕೇವಲ ಆರು ವರ್ಷಗಳ ಹಿಂಚುಮುಂಚಿಗೆ ಇಷ್ಟು ಚರ್ಚೆ ಏಕೆಂದು ವಾಚಕರು ಕೇಳಬಹುದು. ಪ್ಲೇಗಿನ ಕಥೆಯಲ್ಲಿ ಕರ್ತೃವಿಲ್ಲ. ಮಾರಿ ಬಂದಿತು, ಜನ ಓಡಿದರು, ಊರು ಬೆಳೆಯಿತು, ಅಷ್ಟೆ. ಯೋಜನೆಯ ಕಥೆಯಲ್ಲಿಯಾದರೋ ಕರ್ತೃಗಳಿದ್ದಾರೆ: ನೆಲವನ್ನು ಆರಿಸಿದವರು, ಅಳೆದವರು, ಹಂಚಿದವರು, ಪಡೆದವರು, ಪಡೆಯದವರು. ವಿಪತ್ತನ್ನೇ ಕಾರಣವಾಗಿ ನಿಲ್ಲಿಸಿದ ಚರಿತ್ರಕಾರನಿಗೆ ಈ ಐವರನ್ನೂ ವಿಚಾರಿಸುವ ಹೊಣೆ ತಪ್ಪುತ್ತದೆ. ಪ್ಲೇಗಿನ ಕಥೆ ಇಷ್ಟು ಜನಪ್ರಿಯವಾಗಿರುವುದಕ್ಕೆ ಇದೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ.

ನೆಲದ ವಿಚಾರದಲ್ಲಿಯೂ ಇದೇ ಬಗೆಯ ಅಲಕ್ಷ್ಯ ಕಾಣುತ್ತದೆ. ಬಡಾವಣೆಗಳು ಬರಿಯ ಬಯಲಿನಲ್ಲಿ ಎದ್ದುವೆಂದು ಬರೆಯುವುದು ವಾಡಿಕೆ. ಬಸವನಗುಡಿಯಿರುವುದು ಸುಂಕೇನಹಳ್ಳಿಯ ನೆಲದಲ್ಲಿ. ಅಲ್ಲಿ ಕಡಲೆಕಾಯಿ ಬೆಳೆಯುತ್ತಿದ್ದ ರೈತರು ಬಸವನಿಗೆ ಬೆಳೆಯ ಮೊದಲ ಪಾಲನ್ನು ಒಪ್ಪಿಸುತ್ತಿದ್ದರೆಂಬುದಕ್ಕೆ ಕಾರ್ತಿಕದ ಕೊನೆಯ ಸೋಮವಾರದ ಪರಿಷೆಯೇ ಸಾಕ್ಷಿ. ಹೊಲ ಹೋಗಿ ಪರಿಷೆ ಮಾತ್ರ ಉಳಿದಿದೆ. ಕಡಲೆಕಾಯಿ ಈಗ ಹೊರ ಜಿಲ್ಲೆಗಳಿಂದಲೂ ನೆರೆ ರಾಜ್ಯಗಳಿಂದಲೂ ಲಾರಿಗಳಲ್ಲಿ ಬರುತ್ತದೆ. ಮಲ್ಲೇಶ್ವರದ ವಿಷಯದಲ್ಲಿ ಇನ್ನೂ ಹಳೆಯ ಆಧಾರವಿದೆ. ಶಿವಾಜಿಯ ಮಲಸಹೋದರನಾದ ಏಕೋಜಿಯು 1669ರಲ್ಲಿ ಮಲ್ಲಪುರದ ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿಯಾಗಿ ಬಿಟ್ಟನೆಂದು ಶಾಸನ ಹೇಳುತ್ತದೆ. ಗ್ರಾಮವನ್ನು ದತ್ತಿ ಬಿಡಬೇಕಾದರೆ ಅಲ್ಲಿ ಉಳುವವರಿರಬೇಕಷ್ಟೆ. ಬಯಲೆಂಬ ಶಬ್ದವು ಇಲ್ಲಿ ಭೂಗೋಳದ ವರ್ಣನೆಯಾಗಿರದೆ ನಗರದವರ ದೃಷ್ಟಿಯ ವರ್ಣನೆಯಾಗಿದೆ.

ಹಂಚಿಕೆಯ ಮಾತಿಗೆ ಬರೋಣ. ಹೊಸ ಬಡಾವಣೆಗಳಲ್ಲಿ ಜಾತಿಮತಗಳನ್ನು ಅನುಸರಿಸಿ ನಿವೇಶನಗಳ ಭಾಗಗಳನ್ನು ಗೊತ್ತುಪಡಿಸಿದುದು ವಿದ್ವಾಂಸರು ಈಗ ಚೆನ್ನಾಗಿ ಬಲ್ಲ ಸಂಗತಿ. ಇದರ ಜೊತೆಗೆ ಗಮನಿಸಬೇಕಾದದ್ದು ಮನೆಗಳ ಹಿಂಬದಿಯ ಓಣಿ. ಚಾಮರಾಜಪೇಟೆಯ ಮುಖ್ಯರಸ್ತೆಗಳಲ್ಲಿ ನಡೆದವರಿಗೆ ಎರಡು ಸಾಲು ಮನೆಗಳ ಬೆನ್ನಿನ ನಡುವೆ ಹಾಯುವ ಈ ಕಿರಿದಾದ ದಾರಿಗಳ ಪರಿಚಯವಿರುತ್ತದೆ. ಅವು ಮಲ ಹೊರುವವರು ಬಂದುಹೋಗುವುದಕ್ಕೆಂದು ಬಿಟ್ಟ ದಾರಿಗಳು. ಹೊಸ ಊರಿನ ನೈರ್ಮಲ್ಯವು ಅಗಲವಾದ ರಸ್ತೆ, ಗಾಳಿ, ಬೆಳಕುಗಳಿಂದ ಬಂದಿತೆಂದು ಹೊಗಳುವ ಗ್ರಂಥಗಳು, ಅದು ಪ್ರತಿದಿನ ನಸುಕಿನಲ್ಲಿ ಯಾರ ತಲೆಯ ಮೇಲೆ ಹೊರಟುಹೋಗುತ್ತಿತ್ತೆಂಬುದನ್ನು ಹೇಳುವುದಿಲ್ಲ. ಈ ಪದ್ಧತಿಯನ್ನು ನಿಲ್ಲಿಸುವುದಕ್ಕೆ 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಗಳಾಗಿ ಬರಬೇಕಾಯಿತು. ನಮ್ಮ ಅಜ್ಜಿಯ ಚಾಮರಾಜಪೇಟೆಯ ಮನೆಯಲ್ಲಿ ಆ ಓಣಿಗೆ ತೆರೆಯುವ ಒಂದು ತಗ್ಗು ಬಾಗಿಲಿತ್ತು. ನಾವು ಕಂಡಾಗ ಅದಕ್ಕೆ ಮೊಳೆ ಹೊಡೆದು ಮುಂದೆ ಅಕ್ಕಿಯ ಡಬ್ಬಗಳನ್ನು ಇಟ್ಟಿದ್ದರು. ಅದು ಯಾತಕ್ಕೆಂದು ಕೇಳಿದಾಗ ಯಾರೂ ನೇರವಾಗಿ ಉತ್ತರ ಹೇಳಲಿಲ್ಲ. ಬಡಾವಣೆಗಳ ಸ್ಮೃತಿಲೇಖನಗಳೂ ಬಹುಮಟ್ಟಿಗೆ ಆ ಬಾಗಿಲಿನಂತೆಯೇ ಇವೆ. ಡಿ.ವಿ. ಗುಂಡಪ್ಪನವರ ‘ಜ್ಞಾಪಕ ಚಿತ್ರಶಾಲೆ’ಯಂತಹ ಮಹತ್ಕೃತಿಯನ್ನು ಈ ಕಾರಣಕ್ಕಾಗಿ ಆಕ್ಷೇಪಿಸುವುದು ನಮ್ಮ ಅಭಿಪ್ರಾಯವಲ್ಲ, ವ್ಯಕ್ತಿಗಳನ್ನು ಚಿತ್ರಿಸುವುದು ಅದರ ಸಂಕಲ್ಪ, ಅದನ್ನು ಅದು ಸಮರ್ಥವಾಗಿ ನೆರವೇರಿಸಿದೆ. ಅಂತಹ ಕೃತಿಗಳನ್ನೇ ನಗರದ ಚರಿತ್ರೆಯೆಂದು ಎಣಿಸಿ ಅಲ್ಲಿಗೇ ತೃಪ್ತರಾಗುವ ನಮ್ಮಂತಹ ಓದುಗರ ಮೇಲೆಯೇ ನಮ್ಮ ಆಕ್ಷೇಪ.

ಇನ್ನು ನೀರು. ವಿಷಯವು ನಿಜವಾಗಿ ತೊಡಕಾಗುವುದು ಇಲ್ಲಿ. ಬೆಂಗಳೂರು ಒಂದು ದಿಣ್ಣೆಯ ಮೇಲಿದೆ. ಅದರ ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಯನ್ನೂ ಪಶ್ಚಿಮಕ್ಕೆ ಬಿದ್ದ ಮಳೆ ಅರ್ಕಾವತಿಯ ಮೂಲಕ ಕಾವೇರಿಯನ್ನೂ ಸೇರುತ್ತದೆ. ವೃಷಭಾವತಿಯು ಈ ಪಶ್ಚಿಮದ ಹರಿವು. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯ ಪಕ್ಕದಲ್ಲಿ ಹಾದು, ಬೈರಮಂಗಲದ ಕೆರೆಯನ್ನು ತುಂಬಿ, ಅರ್ಕಾವತಿಯನ್ನು ಕೂಡಿ, ಮೇಕೆದಾಟಿನ ಬಳಿಯ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಹೊಸ ಬಡಾವಣೆಗಳು ಕುಡಿದ ನೀರು ಯಾವುದು? ಹೆಸರಘಟ್ಟದ ಕೆರೆ ಅರ್ಕಾವತಿಯದು. ಅದು ಸಾಲದೆ ಬಂದಾಗ 1933ರಲ್ಲಿ ಸಿದ್ಧವಾದ ತಿಪ್ಪಗೊಂಡನಹಳ್ಳಿಯ ಜಲಾಶಯವೂ ಅರ್ಕಾವತಿಯದೇ. ಬಡಾವಣೆಗಳು ಬಳಸಿ ಬಿಟ್ಟ ನೀರು ಹೋದದ್ದೆಲ್ಲಿಗೆ? ಇಳಿಜಾರಿನಲ್ಲಿ ವೃಷಭಾವತಿಗೆ, ಅಲ್ಲಿಂದ ಮತ್ತೆ ಅರ್ಕಾವತಿಗೆ. ಒಂದೇ ನದಿಯ ಮೇಲುಭಾಗವನ್ನು ಬಿಂದಿಗೆಯನ್ನಾಗಿಯೂ ಕೆಳಭಾಗವನ್ನು ಮೋರಿಯನ್ನಾಗಿಯೂ ಮಾಡಿಕೊಂಡು ಬೆಳೆದ ಊರು ಇದು. 1974ರಲ್ಲಿ ಕಾವೇರಿಯ ನೀರು ಬಂದ ಮೇಲೆ ಈ ಕ್ರಮ ಬದಲಾಗಲಿಲ್ಲ, ಅದರ ಸುತ್ತಳತೆ ಮಾತ್ರ ಹಿರಿದಾಯಿತು. ಸುಮಾರು ನೂರು ಕಿಲೋಮೀಟರು ದೂರದಿಂದ, ಸುಮಾರು ಐನೂರು ಮೀಟರು ಎತ್ತರಕ್ಕೆ ಏರಿಸಿ ತಂದ ಕಾವೇರಿಯಲ್ಲಿ ಒಂದು ಪಾಲು ನಮ್ಮ ಬಚ್ಚಲುಗಳನ್ನು ದಾಟಿ ಅದೇ ಕಾವೇರಿಗೆ ಮರಳುತ್ತದೆ.

ನಮ್ಮ ಗ್ರಂಥಗಳಲ್ಲಿ ನೀರು ಸರಬರಾಜಿನ ಅಧ್ಯಾಯವು ಯಾವಾಗಲೂ ಊರಿನೊಳಕ್ಕೆ ಬರುವ ಕೊಳವೆಯಲ್ಲಿ ಮುಗಿಯುತ್ತದೆ. ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಕಾವೇರಿ ಎಂಬ ಮೂರು ಹೆಸರುಗಳು ಪ್ರಗತಿಯ ಮೂರು ಮೆಟ್ಟಿಲುಗಳಂತೆ ಬರುತ್ತವೆ. ಹೊರಕ್ಕೆ ಹೋದ ನೀರಿಗೆ ಚರಿತ್ರೆಯಿಲ್ಲ. ಬೈರಮಂಗಲದ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆಯುತ್ತಿದ್ದವರು ನೀರು ಕೆಟ್ಟ ಮೇಲೆ ಮೇವಿನ ಹುಲ್ಲಿಗೆ ತಿರುಗಿಕೊಂಡದ್ದು ಬಸವನಗುಡಿಯ ಚರಿತ್ರೆಯ ಒಂದು ಭಾಗವೆಂದು ಯಾವ ಸ್ಮರಣ ಸಂಚಿಕೆಯೂ ಎಣಿಸಿದಂತೆ ತೋರುವುದಿಲ್ಲ. ಮಲ್ಲೇಶ್ವರದಲ್ಲಿ ಕಾಡು ಮಲ್ಲೇಶ್ವರನ ಗುಡಿಯ ಎದುರಿನ ಮಣ್ಣನ್ನು 1997ರಲ್ಲಿ ತೆಗೆದಾಗ ನಂದಿತೀರ್ಥದ ಕಲ್ಯಾಣಿ ಹೊರಬಿದ್ದಿತು. ನಂದಿಯ ಬಾಯಿಯಿಂದ ನೀರು ಲಿಂಗದ ಮೇಲೆ ಸುರಿಯುತ್ತಿರುವುದನ್ನು ಕಂಡು ಪತ್ರಿಕೆಗಳು ಬೆರಗಾದವು. ಬೆರಗಾಗಬೇಕಾದುದು ನೀರಿನ ವಿಷಯಕ್ಕಲ್ಲ. ಅದರ ಆಚೀಚೆ ಒಂದು ಶತಮಾನ ಸಂಸಾರ ಮಾಡಿದ ವಿದ್ಯಾವಂತ ಸಮಾಜಕ್ಕೆ ಅದು ನೆನಪಿನಲ್ಲಿ ಉಳಿಯದೆ ಹೋದದ್ದಕ್ಕೆ.

ಇಷ್ಟು ಹೇಳಿದ ಮೇಲೆ, ಈಚಿನ ಗ್ರಂಥಗಳಲ್ಲಿ ಮುಖ್ಯವಾದವುಗಳನ್ನು ನೋಡಬೇಕು. ಎಂ. ಫಜ್ಲುಲ್ ಹಸನ್ ಅವರು 1970ರಲ್ಲಿ ಪ್ರಕಟಿಸಿದ ಬೆಂಗಳೂರಿನ ಚರಿತ್ರೆ ವಿಸ್ತಾರವಾದ ಸಂಗ್ರಹ. ಆಕರಗಳನ್ನು ಹುಡುಕುವವನಿಗೆ ಇಂದಿಗೂ ಉಪಕಾರಿ. ಶತಮಾನಗಳ ಸರಣಿಯಲ್ಲಿ ಸಾಗುವ ಆ ಕ್ರಮದಲ್ಲಿ ಒಂದು ಬಡಾವಣೆಯ ಒಳಗಿನ ಏರ್ಪಾಟನ್ನು ಬಿಡಿಸಿ ನೋಡುವ ಅವಕಾಶ ಕಡಮೆ. ಜಾನಕಿ ನಾಯರ್ ಅವರ 2005ರ ಗ್ರಂಥವು ನಮ್ಮ ಅಧ್ಯಯನದ ದಿಕ್ಕನ್ನೇ ಬದಲಾಯಿಸಿತೆಂದರೆ ಅತಿಶಯೋಕ್ತಿಯಲ್ಲ. ನಗರದ ನೆಲವನ್ನು ಅಧಿಕಾರ, ಜಾತಿ, ಭಾಷೆಗಳ ಸೆಣಸಾಟದ ಕ್ಷೇತ್ರವಾಗಿ ಕಾಣುವುದನ್ನು ಅದು ಕಲಿಸಿತು. ಅದರಲ್ಲಿಯೂ ನೆಲಕ್ಕೆ ದೊರೆತ ಸೂಕ್ಷ್ಮತೆ ನೀರಿನ ಹರಿವಿಗೆ ದೊರೆತಿಲ್ಲವೆಂದು ನಮಗೆ ತೋರುತ್ತದೆ. ಈ ಕೊರತೆಯನ್ನು ಬಹಳಮಟ್ಟಿಗೆ ತುಂಬಿದ್ದು ಹರಿಣಿ ನಾಗೇಂದ್ರ ಅವರ 2016ರ ಕೃತಿ. ಮರ, ಮನೆಯಂಗಳ, ಕೆರೆಗಳನ್ನು ಅವರು ಚರಿತ್ರೆಯ ಪಾತ್ರಗಳನ್ನಾಗಿ ಮಾಡಿದರು. ಸಂಪಂಗಿ ಕೆರೆಯು ಕ್ರೀಡಾಂಗಣವಾದ ವೃತ್ತಾಂತವನ್ನು ಓದಿದವರು ಆ ರಸ್ತೆಯಲ್ಲಿ ಮೊದಲಿನಂತೆ ನಡೆಯಲಾರರು. ಆದರೆ ಕೆರೆ ನಿಂತ ನೀರು, ಅದಕ್ಕೆ ಒಂದು ದಂಡೆಯಿದೆ, ಆ ದಂಡೆಗೆ ಒಂದು ಹಳ್ಳಿಯಿದೆ. ಹರಿಯುವ ನೀರಿನ ಚರಿತ್ರೆಯನ್ನು ಬರೆಯುವವನು ಮೂಲದಿಂದ ಸಂಗಮದವರೆಗೆ ನಡೆಯಬೇಕಾಗುತ್ತದೆ. ಆ ನಡಿಗೆ ಇನ್ನೂ ಆಗಬೇಕಾಗಿದೆ.

ಇದು ಕೇವಲ ಗ್ರಂಥಭಂಡಾರದ ಪ್ರಶ್ನೆಯಲ್ಲವೆಂಬುದಕ್ಕೆ ಒಂದು ಪ್ರಸಂಗ ಹೇಳುತ್ತೇವೆ. ನಮ್ಮ ವಿಭಾಗದಲ್ಲಿ ಎಂ.ಎ. ಮುಗಿಸಿದ ಬಸವನಗುಡಿಯವರೊಬ್ಬರು ಈಗ ಸಂಸಾರಸಮೇತ ಉತ್ತರ ಇಂಗ್ಲೆಂಡಿನ ಟೈನ್ ನದಿಯ ದಡದಲ್ಲಿ ನೆಲೆಸಿದ್ದಾರೆ. ಹಿಂದೆ ಕಲ್ಲಿದ್ದಲು, ಹಡಗುಕಟ್ಟೆಗಳ ಮಸಿ ಮೆತ್ತಿದ್ದ ಆ ದಡದಲ್ಲಿ 2001ರಲ್ಲಿ ಪಾದಚಾರಿಗಳ ಒಂದು ಸೊಗಸಾದ ಸೇತುವೆ ತೆರೆಯಿತು. 2002ರಲ್ಲಿ ಹಳೆಯ ಹಿಟ್ಟಿನ ಗಿರಣಿ ಕಲಾಕೇಂದ್ರವಾಯಿತು. ಕಿಟಕಿಯಿಂದ ನದಿ ಕಾಣುತ್ತದೆ, ನಮ್ಮ ವೃಷಭಾವತಿಗೆ ಈ ಭಾಗ್ಯ ಎಂದು ಬಂದೀತು ಎಂದು ಅವರು ಬರೆದಿದ್ದರು. ಆ ಪ್ರಶ್ನೆಗೆ ಉತ್ತರ ಟೈನ್ ನದಿಯ ಚರಿತ್ರೆಯಲ್ಲಿಯೇ ಇದೆ. ಸೇತುವೆಗೂ ಕಲಾಕೇಂದ್ರಕ್ಕೂ ಬಹಳ ಮುಂಚೆ, 1970 ಮತ್ತು 80ರ ದಶಕಗಳಲ್ಲಿ, ನದಿಗೆ ನೇರವಾಗಿ ಬೀಳುತ್ತಿದ್ದ ಕೊಳಚೆಯನ್ನು ತಡೆದು ಶುದ್ಧೀಕರಣ ಕೇಂದ್ರಕ್ಕೆ ಒಯ್ಯುವ ದೊಡ್ಡ ಕೊಳವೆಗಳನ್ನು ಅಲ್ಲಿ ಹೂಳಿದರು. ಕಣ್ಣಿಗೆ ಕಾಣದ ಕೆಲಸ ಮೊದಲಾಯಿತು. ಅಂದ ಆಮೇಲೆ ಬಂದಿತು. ಹಡಗುಕಟ್ಟೆಗಳಲ್ಲಿ ದುಡಿದ ಕುಟುಂಬಗಳಿಗೆ ಆ ಅಂದದಲ್ಲಿ ಎಷ್ಟು ಪಾಲು ದೊರೆಯಿತೆಂಬ ಚರ್ಚೆ ಆ ದೇಶದಲ್ಲಿಯೂ ಮುಗಿದಿಲ್ಲ.

ನಮ್ಮಲ್ಲಿಯೂ ಇಂತಹ ಪ್ರಯತ್ನಗಳು ನಡೆದಿವೆ. ದಿಣ್ಣೆಯ ಪೂರ್ವಭಾಗದಲ್ಲಿ, ಮೆಜೆಸ್ಟಿಕ್ಕಿನ ಕಡೆಯಿಂದ ಬೆಳ್ಳಂದೂರಿನವರೆಗಿನ ರಾಜಕಾಲುವೆಯನ್ನು ತಿಳಿಗೊಳಿಸುವ ಕೆ-100 ಎಂಬ ಯೋಜನೆ 2021ರಲ್ಲಿ ಆರಂಭವಾಯಿತು. ಅದೇ ಕೋರಮಂಗಲ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಮುಳಬಾಗಿಲಿನ ಗುಂಡಪ್ಪನವರೂ ಮಾಲೂರಿನ ಕಡೆಯ ಮಾಸ್ತಿಯವರೂ ಕೋಲಾರ ಸೀಮೆಯಿಂದ ಬಂದು ಬಸವನಗುಡಿ, ಗವಿಪುರಗಳನ್ನು ಬೆಳಗಿದರು. ಅದಕ್ಕೆ ಪ್ರತಿಯಾಗಿ ಈ ಊರು ಆ ಸೀಮೆಗೆ ಏನನ್ನು ಕಳುಹಿಸುತ್ತಿದೆಯೆಂದು ನೆನೆದರೆ ಸ್ವಲ್ಪ ಸಂಕೋಚವೇ ಆಗುತ್ತದೆ, ಕೆರೆ ತುಂಬಿದ್ದಕ್ಕೆ ಅಲ್ಲಿನ ರೈತರಲ್ಲಿ ಹಲವರಿಗೆ ಸಂತೋಷವಿದ್ದರೂ.

ವೃಷಭಾವತಿಯನ್ನು ಪುನರುಜ್ಜೀವನಗೊಳಿಸಬೇಕೆಂಬ ಮಾತು ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಆಗ ತೋರಿಸುವ ಚಿತ್ರಗಳಲ್ಲಿ ದಂಡೆಯುದ್ದಕ್ಕೂ ನಡೆಯುವ ಹಾದಿ, ಮರ, ಕುಳಿತುಕೊಳ್ಳುವ ಕಲ್ಲುಬೆಂಚು ಇರುತ್ತವೆ. ಗೋರಿಪಾಳ್ಯ, ಪಾದರಾಯನಪುರಗಳ ಕಡೆಯಲ್ಲಿ ಈಗ ಆ ಕಾಲುವೆಯ ಅಂಚಿನಲ್ಲಿ ಬದುಕುವವರು, ಮಳೆ ಬಂದ ರಾತ್ರಿ ಮಕ್ಕಳನ್ನೂ ಪಾತ್ರೆಪದಾರ್ಥಗಳನ್ನೂ ಮಂಚದ ಮೇಲಕ್ಕೆ ಏರಿಸಬೇಕಾದವರು, ಆ ಚಿತ್ರಗಳಲ್ಲಿ ಇರುವುದಿಲ್ಲ. 1890ರ ದಶಕದ ನಕ್ಷೆಯಲ್ಲಿ ಸುಂಕೇನಹಳ್ಳಿಯ ರೈತನೂ ಹಿಂದಿನ ಓಣಿಯ ಕೆಲಸದವನೂ ಹೀಗೆಯೇ ಇರಲಿಲ್ಲ. ಹೊಸ ದಂಡೆಗೆ ಯಾರು ಒಕ್ಕಲು ಬರುತ್ತಾರೆ, ಯಾರು ಒಕ್ಕಲೆಬ್ಬುತ್ತಾರೆ ಎಂಬುದನ್ನು ನಿವೇಶನದ ಕಾಗದಗಳು ಮಾತ್ರ ಹೇಳಲಾರವು. ಅವುಗಳ ಪಕ್ಕದಲ್ಲಿ ಚರಂಡಿಯ ನಕ್ಷೆಗಳನ್ನೂ ಭೂಸ್ವಾಧೀನದ ಕಡತಗಳನ್ನೂ ಇಟ್ಟು ಓದಬೇಕು. ಬಸವನ ಪಾದದಿಂದ ಬೈರಮಂಗಲದವರೆಗಿನ ಹಳ್ಳಿ ಹಾಗೂ ಮೊಹಲ್ಲಾಗಳಲ್ಲಿ ಹಿರಿಯರ ಹೇಳಿಕೆಗಳನ್ನು ಸಂಗ್ರಹಿಸುವ ಕೆಲಸವನ್ನು ವಿಭಾಗದ ವಿದ್ಯಾರ್ಥಿಗಳೊಡನೆ ಮುಂದಿನ ಬೇಸಗೆಯ ರಜೆಯಲ್ಲಿ ಮೂಲದ ಕಡೆಯಿಂದಲ್ಲದೆ ಕೆಳಗಿನ ತುದಿಯಿಂದ ಆರಂಭಿಸಬೇಕೆಂದು ನಿಶ್ಚಯಿಸಿದ್ದೇವೆ.