ಹುಟ್ಟೋಕೆ ಮೊದಲೇ ನಾಮಕರಣ

ಡಬ್ಲಿನ್ ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಸಹೋದ್ಯೋಗಿ ಒಂದು ಮಧ್ಯಾಹ್ನ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ, "ಇದರಲ್ಲಿ ಬಗ್ ಎಲ್ಲಿದೆ ಹೇಳು" ಅಂದಳು. ಪರದೆ ಮೇಲೆ ಎರಡು ದಾಖಲೆ. ಒಂದು ಸರ್ಕಾರದ ಜನನ ರಿಜಿಸ್ಟರು, ಇನ್ನೊಂದು ಮೇಯೋ ಕೌಂಟಿಯ ಒಂದು ಕ್ಯಾಥೊಲಿಕ್ ಚರ್ಚಿನ ದೀಕ್ಷಾಸ್ನಾನದ ಪುಸ್ತಕ. ಎರಡರಲ್ಲೂ ಇರೋದು ಅವಳ ಮುತ್ತಜ್ಜಿ ಬ್ರಿಜೆಟ್. ಅಪ್ಪ-ಅಮ್ಮನ ಹೆಸರು ಸರಿ, ಊರು ಸರಿ. ಆದರೆ ಚರ್ಚಿನಲ್ಲಿ ದೀಕ್ಷಾಸ್ನಾನ ಆಗಿ ಹನ್ನೊಂದು ದಿನ ಕಳೆದ ಮೇಲೆ, ಸರ್ಕಾರದ ಲೆಕ್ಕದಲ್ಲಿ ಮಗು ಹುಟ್ಟಿದೆ!

ನಗು ಬಂತು. ಅವಳಿಗೆ ಬರಲಿಲ್ಲ. ಊರಿನ ಸಮಾಧಿ ಕಲ್ಲಿನ ಅಕ್ಷರ ಸವೆದುಹೋಗಿ, ಹೊಸದಾಗಿ ಕೆತ್ತಿಸೋಣ ಅಂತ ಮನೆಯವರು ಹೊರಟಿದ್ದರಂತೆ. ಯಾವ ತಾರೀಖು ಹಾಕಿಸೋದು ಅನ್ನೋ ವಿಷಯಕ್ಕೆ ಅವಳ ಅಪ್ಪನಿಗೂ ಚಿಕ್ಕಪ್ಪನಿಗೂ ಮಾತು ನಿಂತುಹೋಗಿದೆ.

"ಸರ್ಕಾರದ್ದೇ ಸರಿ ಇರುತ್ತೆ ಬಿಡು" ಅಂದೆ. ನಮ್ಮ ಕಸುಬಿನ ಚಾಳಿ ಅದು. ಎರಡು ಟೇಬಲ್ ಹೊಂದಿಕೆಯಾಗದಿದ್ದರೆ ಒಂದನ್ನು ಅಧಿಕೃತ ಅಂತ ಗುರುತು ಮಾಡಿ ಇನ್ನೊಂದನ್ನ ಎಸೆಯೋದು. ಆಮೇಲೆ ಕೆಲವು ವಾರಾಂತ್ಯ ಅವಳ ಜೊತೆ ಕೂತು ಈ ದಾಖಲೆಗಳನ್ನ ಜಾಲಾಡಿದ ಮೇಲೆ ಗೊತ್ತಾಯಿತು, ನಾನು ಹೇಳಿದ್ದು ಪೂರ್ತಿ ಉಲ್ಟಾ ಅಂತ.

ಐರ್ಲೆಂಡಿನಲ್ಲಿ ಎಲ್ಲರ ಜನನ, ಮರಣ, ಮದುವೆ ನೋಂದಣಿ ಶುರುವಾಗಿದ್ದು 1864ರಲ್ಲಿ. ಕ್ಯಾಥೊಲಿಕ್ ಅಲ್ಲದವರ ಮದುವೆಗಳನ್ನ ಮಾತ್ರ 1845ರಿಂದಲೇ ಬರೆಯುತ್ತಿದ್ದರು. ಹುಟ್ಟಿದ ಮಗುವನ್ನ ಗಡುವಿನೊಳಗೆ ನೋಂದಾಯಿಸದಿದ್ದರೆ ದಂಡ. ರಿಜಿಸ್ಟ್ರಾರ್ ಇರೋದು ಮೈಲಿಗಟ್ಟಲೆ ದೂರ, ಹೊಲದಲ್ಲಿ ಕೆಲಸ. ತಡವಾಗಿ ಹೋದ ಅಪ್ಪ ಏನು ಮಾಡುತ್ತಾನೆ? ಮಗು ಹುಟ್ಟಿದ ದಿನವನ್ನೇ ಒಂದಿಷ್ಟು ಮುಂದೆ ತಳ್ಳುತ್ತಾನೆ. ಚರ್ಚಿನಲ್ಲಿ ಹಾಗೆ ಮಾಡೋ ಅಗತ್ಯ ಇರಲಿಲ್ಲ. ಮಗು ಎಲ್ಲಿ ಹೋಗಿಬಿಡುತ್ತೋ ಅನ್ನೋ ಭಯಕ್ಕೆ ಹುಟ್ಟಿದ ಒಂದೆರಡು ದಿನಕ್ಕೇ ದೀಕ್ಷಾಸ್ನಾನ ಮಾಡಿಸುತ್ತಿದ್ದರು, ಪಾದ್ರಿ ಬರೆದುಕೊಳ್ಳುತ್ತಿದ್ದರು. ಹಾಗಾಗಿ ತಾರೀಖಿನ ವಿಷಯದಲ್ಲಿ ನನ್ನ ಓಟು ಈಗ ಚರ್ಚಿಗೆ.

ದೊಡ್ಡವರೂ ಇದರಿಂದ ತಪ್ಪಿಸಿಕೊಂಡಿಲ್ಲ. ಕಾದಂಬರಿಕಾರ ಜೇಮ್ಸ್ ಜಾಯ್ಸ್ ಹುಟ್ಟಿದ್ದು 1882ರ ಫೆಬ್ರವರಿ 2ರಂದು. ಮೂರು ದಿನ ಬಿಟ್ಟು ಚರ್ಚಿನಲ್ಲಿ ಇಟ್ಟ ಹೆಸರು ಜೇಮ್ಸ್ ಆಗಸ್ಟೀನ್. ಸರ್ಕಾರದ ಗುಮಾಸ್ತರ ಕೈಯಲ್ಲಿ ಅದು ಜೇಮ್ಸ್ ಆಗಸ್ಟಾ ಆಯಿತು. ಆಗಸ್ಟಾ ಹೆಣ್ಣುಮಕ್ಕಳ ಹೆಸರು.

ಈಗ ವೆಬ್‌ಸೈಟುಗಳ ಬಗ್ಗೆ. ಸರ್ಕಾರದ ಐರಿಷ್ ಜೀನಿಯಾಲಜಿ ತಾಣ ಪುಕ್ಕಟೆ, ಮತ್ತು ನಿಜಕ್ಕೂ ಚೆನ್ನಾಗಿದೆ. ಹೆಸರು, ವರ್ಷ, ಜಿಲ್ಲೆ ಕೊಟ್ಟರೆ ಮೂಲ ಪುಟದ ಚಿತ್ರವೇ ತೆರೆಯುತ್ತೆ. ಬದುಕಿರುವವರ ಖಾಸಗಿತನಕ್ಕಾಗಿ ಜನನ 100 ವರ್ಷ, ಮದುವೆ 75, ಮರಣ 50 ವರ್ಷ ಹಳೆಯದಾಗಿದ್ದರೆ ಮಾತ್ರ ತೋರಿಸುತ್ತಾರೆ. ಒಪ್ಪಬೇಕಾದ ಮಾತು. ನನ್ನ ತಕರಾರು ಇರೋದು ಹುಡುಕಾಟದ ಆ ಪೆಟ್ಟಿಗೆಯ ಮೇಲೆ. ಅದು ಉತ್ತರ ಕೊಟ್ಟುಬಿಡುತ್ತೆ. ಮೇಯೋದಲ್ಲಿ ಬ್ರಿಜೆಟ್ ಅಂತ ಹುಡುಕೋದು ನಮ್ಮೂರ ಜಾತ್ರೇಲಿ "ಲಕ್ಷ್ಮಮ್ಮಾ" ಅಂತ ಕೂಗಿದ ಹಾಗೆ, ಹತ್ತು ಜನ ತಿರುಗಿ ನೋಡುತ್ತಾರೆ. ಅದರಲ್ಲಿ ಹೊಂದುವ ಒಬ್ಬಳು ಸಿಕ್ಕಳು ಅಂದರೆ ಮುಗೀತು, ಕಿಟಕಿ ಮುಚ್ಚಿ ಎದ್ದು ಹೋಗುತ್ತೇವೆ. ಅವಳ ಅಕ್ಕಪಕ್ಕ ಯಾರಿದ್ದರು ಅಂತ ನೋಡೋದೇ ಇಲ್ಲ.

ಇದಕ್ಕೆ ತದ್ವಿರುದ್ಧ ರಾಷ್ಟ್ರೀಯ ಗ್ರಂಥಾಲಯದ ತಾಣ. ಕ್ಯಾಥೊಲಿಕ್ ಚರ್ಚುಗಳ ಪುಸ್ತಕಗಳನ್ನ ಹಿಂದೆ ಮೈಕ್ರೋಫಿಲಂ ಮಾಡಿಟ್ಟಿದ್ದರು. 2015ರ ಜುಲೈನಲ್ಲಿ ಅದರ 3,70,000ಕ್ಕೂ ಹೆಚ್ಚು ಚಿತ್ರಗಳನ್ನ ಉಚಿತವಾಗಿ ಹಾಕಿದರು. ಆದರೆ ಅಲ್ಲಿ ಹೆಸರು ಹಾಕಿ ಹುಡುಕೋ ಹಾಗಿಲ್ಲ. ಮ್ಯಾಪಿನಲ್ಲಿ ಪ್ಯಾರಿಷ್ ಆರಿಸಿ, ವರ್ಷ ಆರಿಸಿ, ಆಮೇಲೆ ಪುಟ ಪುಟ ತಿರುವಬೇಕು. ಶಾಯಿ ಹರಡಿದೆ, ಅಂಚು ಹರಿದಿದೆ, ಎಷ್ಟೋ ಪುಸ್ತಕ ಲ್ಯಾಟಿನ್‌ನಲ್ಲಿವೆ. ಜೇಮ್ಸ್ ಅಲ್ಲಿ ಯಾಕೋಬುಸ್, ವಿಲಿಯಂ ಗುಲಿಯೆಲ್ಮುಸ್. ಮೊದಲ ದಿನ ನಾನು ಇಂಥ ತಾಣ ಮಾಡಿದವರನ್ನ ಮನಸಾರೆ ಬೈದೆ. ಎರಡನೇ ವಾರ ಬೈಯೋದು ಬಿಟ್ಟೆ. ತಿರುವುತ್ತಾ ಹೋದರೆ ಊರೇ ಸಿಗುತ್ತೆ. ಅದೇ ನಾಲ್ಕು ಮನೆತನದವರು ಒಬ್ಬರ ಮಕ್ಕಳಿಗೆ ಇನ್ನೊಬ್ಬರು ಗಾಡ್‌ಪೇರೆಂಟ್ಸ್ ಆಗಿ ನಿಂತಿರುತ್ತಾರೆ. ಯಾರಿಗೆ ಯಾರು ಬೇಕಾದವರು ಅಂತ ಅಲ್ಲಿಂದಲೇ ಗೊತ್ತಾಗಬೇಕು. ಹಣ ಕಟ್ಟಿಸಿಕೊಳ್ಳುವ ಕಂಪನಿಗಳ ತಾಣದಲ್ಲಿ ಇದೇ ಪುಸ್ತಕಗಳಿಗೆ ಹೆಸರಿನ ಸೂಚಿ ಇದೆ. ದಾರಿ ತಪ್ಪಿದಾಗ ಬಳಸಿ, ಅಲ್ಲಿಂದಲೇ ಶುರು ಮಾಡಬೇಡಿ.

ಇದಕ್ಕೆಲ್ಲ ಇಷ್ಟು ತಲೆ ಕೆಡಿಸಿಕೊಳ್ಳಬೇಕಾಗಿರೋದು ಬೇರೆ ಆಸರೆ ಇಲ್ಲದ್ದಕ್ಕೆ. 1922ರ ಜೂನ್ 30ರಂದು, ಅಂತರ್ಯುದ್ಧದ ಶುರುವಿನಲ್ಲೇ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆ ಕಚೇರಿ ಸುಟ್ಟುಹೋಯಿತು. 1821ರಿಂದ 1851ರವರೆಗಿನ ಜನಗಣತಿ ಬಹುಪಾಲು ಬೂದಿಯಾಯಿತು. ಅಲ್ಲಿ ತಂದಿಟ್ಟಿದ್ದ ಚರ್ಚ್ ಆಫ್ ಐರ್ಲೆಂಡಿನ ಪುಸ್ತಕಗಳದ್ದೂ ಅದೇ ಕತೆ. ಕ್ಯಾಥೊಲಿಕರ ಪುಸ್ತಕಗಳು ಆಯಾ ಚರ್ಚುಗಳಲ್ಲೇ ಇದ್ದವು, ಉಳಿದವು. 1861, 1871ರ ಗಣತಿಗಳನ್ನ ಸರ್ಕಾರವೇ ಮೊದಲೇ ನಾಶ ಮಾಡಿತ್ತು. 1881, 1891ರದ್ದು ಮೊದಲ ಮಹಾಯುದ್ಧದ ಹೊತ್ತಿನಲ್ಲಿ ರದ್ದಿಗೆ ಹೋದವು. ಬೆಂಕಿಯನ್ನಾದರೂ ಕ್ಷಮಿಸಬಹುದು, ಇದನ್ನ ಹೇಗೆ ಕ್ಷಮಿಸೋದು? ಪೂರ್ತಿಯಾಗಿ ಉಳಿದಿರುವ ಮೊದಲ ಗಣತಿ 1901ರದ್ದು, ಆಮೇಲೆ 1911.

ಆ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ, ಮಜಾ ಇದೆ. ಹತ್ತು ವರ್ಷದಲ್ಲಿ ಎಷ್ಟೋ ಜನಕ್ಕೆ ಹದಿನಾಲ್ಕು, ಹದಿನೈದು ವರ್ಷ ವಯಸ್ಸಾಗಿದೆ. 1909ರ ಜನವರಿಯಿಂದ ಎಪ್ಪತ್ತು ದಾಟಿದವರಿಗೆ ವಾರಕ್ಕೆ 5 ಶಿಲ್ಲಿಂಗ್ ವೃದ್ಧಾಪ್ಯ ಪಿಂಚಣಿ ಶುರುವಾಗಿತ್ತು! ಅವರು ಹುಟ್ಟುವಾಗ ಸರ್ಕಾರಿ ನೋಂದಣಿ ಇರಲಿಲ್ಲವಲ್ಲ, ಹಾಗಾಗಿ ವಯಸ್ಸಿನ ಪುರಾವೆಗೆ ಗುಮಾಸ್ತರು 1841, 1851ರ ಗಣತಿ ತೆಗೆದು, ಅರ್ಜಿದಾರರ ಮನೆಯವರನ್ನ ಹುಡುಕಿ ಫಾರಂ ಮೇಲೆ ಬರೆದುಕೊಳ್ಳುತ್ತಿದ್ದರು. ಗಣತಿ ಸುಟ್ಟಿತು, ಫಾರಂ ಉಳಿಯಿತು. ಇವತ್ತು ರಾಷ್ಟ್ರೀಯ ದಾಖಲಾಗಾರದ ತಾಣದಲ್ಲಿ ಅವುಗಳನ್ನ ಪುಕ್ಕಟೆ ನೋಡಬಹುದು. ಎಷ್ಟೋ ಕುಟುಂಬಗಳಿಗೆ ಕ್ಷಾಮಕ್ಕೆ ಮುಂಚಿನ ಒಂದೇ ಒಂದು ಚೂರು ಸಿಗೋದು, ಯಾವನೋ ಅಜ್ಜ ಐದು ಶಿಲ್ಲಿಂಗಿಗೆ ಅರ್ಜಿ ಹಾಕಿದ್ದರಿಂದ. ವಯಸ್ಸು ಏರಿಸಿದ ಅಜ್ಜಂದಿರ ಮೇಲೆ ನನಗೇನೂ ಬೇಜಾರಿಲ್ಲ. ನನ್ನ ಪಾಸ್‌ಪೋರ್ಟಿನಲ್ಲೂ ಹುಟ್ಟಿದ ದಿನ ಜೂನ್ 1. ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡಿದ್ದು. ಅಮ್ಮನ ಪ್ರಕಾರ ನಾನು ಹುಟ್ಟಿದ್ದು ಹುರುಳಿ ಕೀಳೋ ಕಾಲಕ್ಕೆ.

ಬ್ರಿಜೆಟ್ ವಿಷಯಕ್ಕೆ ಬರ್ತೀನಿ. ಚರ್ಚಿನ ಪುಸ್ತಕವನ್ನ ಹಿಂದಕ್ಕೆ ತಿರುವುತ್ತಾ ಇದ್ದಾಗ, ಎರಡು ವರ್ಷ ಮುಂಚಿನ ಪುಟದಲ್ಲಿ ಅದೇ ಅಪ್ಪ-ಅಮ್ಮನಿಗೆ ಇನ್ನೊಂದು ಮಗು. ಹೆಸರು ಬ್ರಿಜೆಟ್. ಸಹೋದ್ಯೋಗಿ ಸುಮ್ಮನಾದಳು. ಸರ್ಕಾರದ ಮರಣ ರಿಜಿಸ್ಟರಿನಲ್ಲಿ ಹುಡುಕಿದೆವು, ಈ ಸಲ ಆ ಪೆಟ್ಟಿಗೆಯೇ ಕೆಲಸಕ್ಕೆ ಬಂತು. ಬ್ರಿಜೆಟ್, ವಯಸ್ಸು ಏಳು ತಿಂಗಳು. ಆ ಕಾಲದ ಐರಿಷ್ ಮರಣ ದಾಖಲೆಯಲ್ಲಿ ಅಪ್ಪ-ಅಮ್ಮನ ಹೆಸರಿಗೆ ಅಂಕಣವೇ ಇರಲಿಲ್ಲ. ಆದರೆ ಮಾಹಿತಿ ಕೊಟ್ಟವರದ್ದು ಇರುತ್ತೆ: ಅಪ್ಪನ ಹೆಸರು, ಸಾಯುವಾಗ ಪಕ್ಕದಲ್ಲಿದ್ದವನು ಅಂತ. ಸಹಿಯ ಜಾಗದಲ್ಲಿ ಒಂದು ಗುಣಿಸು ಗುರುತು, ನಮ್ಮ ಹೆಬ್ಬೆಟ್ಟಿನ ಹಾಗೆ. ಹೋದ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡೋದು ಅಲ್ಲಿ ಅಪರೂಪ ಏನಲ್ಲವಂತೆ. ಆದರೆ ಅವರ ಮನೆಯಲ್ಲಿ ಇದು ಒಬ್ಬರಿಗೂ ಗೊತ್ತಿರಲಿಲ್ಲ.

ಅವತ್ತೇ ರಾತ್ರಿ ಅವಳು ಎರಡೂ ಪುಟಗಳನ್ನ ಅಪ್ಪನಿಗೂ ಚಿಕ್ಕಪ್ಪನಿಗೂ ಕಳಿಸಿದಳು. ಎರಡು ದಿನ ಬಿಟ್ಟು ಚಿಕ್ಕಪ್ಪ ಅಣ್ಣನಿಗೆ ಫೋನ್ ಮಾಡಿದರಂತೆ. ಹನ್ನೊಂದು ದಿನದ ವಿಷಯ ಎತ್ತಲೇ ಇಲ್ಲ. ಕಲ್ಲಿನ ಮೇಲೆ ಇನ್ನೊಂದು ಹೆಸರಿಗೆ ಜಾಗ ಆಗುತ್ತಾ ಅಂತ ಕೇಳಿದರಂತೆ.