ಶಾಲೆ ನೋಡುವ ಶಾಸ್ತ್ರ

ಹೆಣ್ಣು ನೋಡುವ ಶಾಸ್ತ್ರಕ್ಕೂ ಮಗುವಿಗೆ ಹೈಸ್ಕೂಲು ನೋಡುವುದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ ಎಂದು ನನಗೆ ಗೊತ್ತಾದದ್ದು ಅಕ್ಕನ ಜೊತೆ ಮೈಸೂರಿನ ನಾಲ್ಕು ಶಾಲೆ ಸುತ್ತಿದ ಮೇಲೆ. ಎರಡೂ ಕಡೆ ಇಸ್ತ್ರಿ ಮಾಡಿದ ಬಟ್ಟೆ, ಇಸ್ತ್ರಿ ಮಾಡಿದ ಮಾತು. ಕೇಳಬೇಕಾದ್ದನ್ನು ಯಾರೂ ಕೇಳುವುದಿಲ್ಲ, ಹೇಳಬೇಕಾದ್ದನ್ನು ಯಾರೂ ಹೇಳುವುದಿಲ್ಲ. ಉಪ್ಪಿಟ್ಟು ಕೇಸರಿಬಾತಿನ ಜಾಗದಲ್ಲಿ ಸ್ಮಾರ್ಟ್ ಬೋರ್ಡು, ಈಜುಕೊಳ, ಎಸ್ಸೆಸ್ಸೆಲ್ಸಿಯಲ್ಲಿ 620 ದಾಟಿದ ಮಕ್ಕಳ ಫ್ಲೆಕ್ಸು. ಅಕ್ಕನ ಕೈಚೀಲದಲ್ಲಿ ಅವಳ ಮಗನ ಕುರಿತ ನಿಮ್ಹಾನ್ಸ್‌ನ ವರದಿ ಇತ್ತು. ಮೊದಲ ಮೂರು ಶಾಲೆಗಳಲ್ಲಿ ಅದು ಹೊರಗೆ ಬರಲೇ ಇಲ್ಲ. ಎರಡನೆಯದರಲ್ಲಿ ನಾನು ಬಾಯಿ ತೆಗೆಯುವಷ್ಟರಲ್ಲಿ ಅಕ್ಕ ಮೇಜಿನಡಿ ನನ್ನ ಕಾಲು ತುಳಿದಳು.

ವರದಿಯಲ್ಲಿದ್ದದ್ದು ಎಡಿಎಚ್‌ಡಿ. ಮನೆಯಲ್ಲಿ ಅವನಿಗೆ ಇದ್ದ ಹೆಸರು ‘ಕಾಲಿಗೆ ಚಕ್ರ ಕಟ್ಟಿಕೊಂಡವನು’. ಸೈಕಲ್ಲಿನ ಚೈನು ಬಿಚ್ಚಿ ಜೋಡಿಸುತ್ತ ಮಧ್ಯಾಹ್ನವೆಲ್ಲ ಕೂರಬಲ್ಲ, ಸಮಾಜ ವಿಜ್ಞಾನದ ಎರಡು ಪುಟ ಬರೆಯಲು ಹತ್ತು ಸಲ ಏಳುತ್ತಾನೆ. ಗಮನವೇನೋ ಬೇಕಾದಷ್ಟಿದೆ, ಅದರ ಲಗಾಮು ಕೈಗೆ ಸಿಗುವುದಿಲ್ಲ. ಬೇಕೆಂದೇ ಮಾಡುತ್ತಾನೆ ಎಂದು ಭಾವ ಇವತ್ತಿಗೂ ನಂಬಿದ್ದಾರೆ.

ಏಳನೇ ಕ್ಲಾಸಿನವರೆಗೆ ಹೇಗೋ ನಡೆದ ಬಂಡಿ ಎಂಟನೇ ಕ್ಲಾಸಿನ ಬಾಗಿಲಲ್ಲಿ ಯಾಕೆ ಮುಗ್ಗರಿಸುತ್ತದೆ ಎಂಬುದನ್ನು ನಮ್ಮ ಶಾಲೆಗಳು ಯೋಚಿಸಿದಂತೆ ಕಾಣುವುದಿಲ್ಲ. ಅಲ್ಲಿಯವರೆಗೆ ಅವನನ್ನು ಬಲ್ಲ ಒಬ್ಬ ಕ್ಲಾಸ್ ಟೀಚರ್ ಇದ್ದರು. ಹೈಸ್ಕೂಲಿನಲ್ಲಿ ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ಎಂದು ಆರು ವಿಷಯ, ಆರು ಮೇಷ್ಟ್ರು. ಒಬ್ಬೊಬ್ಬರದು ಒಂದೊಂದು ನೋಟ್‌ಬುಕ್ಕು, ಒಂದೊಂದು ಗಡುವು, ಒಂದೊಂದು ಸಿಡುಕು. ಗಂಟೆ ಹೊಡೆದಾಗಲೆಲ್ಲ ಒಂದು ಪುಸ್ತಕ ಮುಚ್ಚಿ ಇನ್ನೊಂದು ತೆರೆಯಬೇಕು, ತಲೆಯನ್ನೂ ಹಾಗೆಯೇ. ಯಾವ ಪುಸ್ತಕ ಎಂದು, ಯಾವ ಕೆಲಸ ಮೊದಲು ಎಂದು ನೆನಪಿಟ್ಟು ಶುರುಮಾಡುವ ಶಕ್ತಿಯೇ ಎಡಿಎಚ್‌ಡಿಯಲ್ಲಿ ಸೊರಗಿರುವುದು. ಅಂದರೆ ಪಾಠ ಕಷ್ಟವಾಗುವ ಮೊದಲೇ ಪಾಠದ ಸುತ್ತಲಿನ ಗುಮಾಸ್ತಿಕೆ ಕಷ್ಟವಾಗುತ್ತದೆ. ಹೈಸ್ಕೂಲು ಆರಿಸುವವರು ಮೊದಲು ನೋಡಬೇಕಾದದ್ದು ಈ ಗುಮಾಸ್ತಿಕೆಯಲ್ಲಿ ಶಾಲೆ ಎಷ್ಟು ಕೈ ಜೋಡಿಸುತ್ತದೆ ಎಂಬುದನ್ನು. ನಾವು ನೋಡುವುದು ಈಜುಕೊಳವನ್ನು.

ಕಾನೂನಿನ ಬಲವಿದೆಯಲ್ಲ ಎನ್ನಬಹುದು. ಅರ್ಧ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ತಾರತಮ್ಯವಿಲ್ಲದೆ ಶಾಲೆಗೆ ಸೇರಿಸಿಕೊಳ್ಳಬೇಕೆನ್ನುತ್ತದೆ. ಆದರೆ ಅದು ಪಟ್ಟಿ ಮಾಡಿದ 21 ವೈಕಲ್ಯಗಳಲ್ಲಿ ಕಲಿಕಾ ನ್ಯೂನತೆ ಇದೆ, ಆಟಿಸಂ ಇದೆ, ಎಡಿಎಚ್‌ಡಿ ಎಂಬ ಹೆಸರಿಲ್ಲ. ಜೊತೆಗೆ ಕಲಿಕಾ ನ್ಯೂನತೆಯೂ ಇದ್ದ ಮಗುವಿಗೆ ಆ ಪ್ರಮಾಣಪತ್ರದ ಮೇಲೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳುವ ದಾರಿಯಾದರೂ ಇದೆ. ಬರೀ ಎಡಿಎಚ್‌ಡಿ ಇದ್ದವನು ಶಾಲೆಯ ದಾಕ್ಷಿಣ್ಯಕ್ಕೆ ಕಾಯಬೇಕು. ಹೈಸ್ಕೂಲಿನಲ್ಲಿ ವಿಶೇಷ ಅಗತ್ಯದ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮ ಸರ್ಕಾರಿ ಶಾಲೆಗಳ ಪಾಲಿಗೆ ಇರುವವರು ಬಿ.ಐ.ಇ.ಆರ್.ಟಿ. ಎಂಬ ಸಂಪನ್ಮೂಲ ಶಿಕ್ಷಕರು, ಬ್ಲಾಕಿನ ಊರೂರು ತಿರುಗುವವರು. ಅವರು ಬರುವ ದಿನ ನಮ್ಮ ಹುಡುಗ ಕಷ್ಟದಲ್ಲಿರಬೇಕು, ಅಷ್ಟೆ.

ಹೀಗಾಗಿ ಕಾನೂನು ಕೈಬಿಟ್ಟ ಕಡೆ ಶಾಲೆಯ ಗುಣವೇ ಕಾಯಬೇಕು. ಆ ಗುಣವನ್ನು ಅಳೆಯಲು ವರದಿ ಹೊರಗೆ ತೆಗೆಯದೆಯೂ ಕೇಳಬಹುದಾದ ಒಂದು ಪ್ರಶ್ನೆಯಿದೆ: ಮಗು ಹೋಮ್‌ವರ್ಕ್ ತರದಿದ್ದರೆ ಏನು ಮಾಡುತ್ತೀರಿ? ನಾಲ್ಕೂ ಕಡೆ ಕೇಳಿದೆ. ಮೊದಲನೆಯ ಶಾಲೆಯ ಪ್ರಿನ್ಸಿಪಾಲರು ನಕ್ಕರು, “ನಮ್ ಸ್ಕೂಲಲ್ಲಿ ಆ ಪ್ರಾಬ್ಲಮ್ಮೇ ಬರಲ್ಲ ಸರ್.” ಎರಡನೆಯ ಕಡೆ ಪೋಷಕರ ಮೊಬೈಲಿಗೆ ಆ್ಯಪ್‌ನಿಂದ ಸಂದೇಶ ಹೋಗುತ್ತದೆಯಂತೆ, ಅಂದರೆ ಶಾಲೆಯ ಕೆಲಸ ಅಕ್ಕನಿಗೆ ವರ್ಗಾವಣೆ. ಮೂರನೆಯದು ಗೇಟಿನಲ್ಲೇ ‘ಇನ್‌ಕ್ಲೂಸಿವ್ ಸ್ಕೂಲ್’ ಎಂದು ಬರೆಸಿಕೊಂಡಿತ್ತು. ಅಲ್ಲಿ ಬಂದ ಉತ್ತರ: “ಪಿ.ಟಿ. ಪೀರಿಯಡ್ಡಿಗೆ ಬಿಡಲ್ಲ, ಕೂತು ಬರೀತಾರೆ.”

ಈ ಮೂರನೆಯ ಶಾಲೆಯ ಬಗ್ಗೆ ಸ್ವಲ್ಪ ಹೇಳಬೇಕು. ಅಲ್ಲಿ ರಿಸೋರ್ಸ್ ರೂಮ್ ಇತ್ತು, ಬಣ್ಣದ ಕುರ್ಚಿಗಳಿದ್ದವು, ಡಿಪ್ಲೊಮಾ ಮಾಡಿದ ವಿಶೇಷ ಶಿಕ್ಷಕಿಯೂ ಇದ್ದರು. ವೇಳಾಪಟ್ಟಿ ನೋಡಿದರೆ ಮಕ್ಕಳನ್ನು ಆ ಕೋಣೆಗೆ ಕರೆದೊಯ್ಯುವುದು ಆಟದ ಮತ್ತು ಚಿತ್ರಕಲೆಯ ಹೊತ್ತಿನಲ್ಲಿ. ಮೈ ದಣಿಸಿ ಓಡಿ ಬಂದ ಮೇಲೆಯೇ ಒಂದಿಷ್ಟು ಹೊತ್ತು ಕೂರಬಲ್ಲ ಮಗುವಿನಿಂದ ಆ ಓಟವನ್ನೇ ಕಿತ್ತುಕೊಂಡು, ಅದಕ್ಕೆ ಬೆಂಬಲ ಎಂದು ಹೆಸರಿಟ್ಟಿದ್ದಾರೆ. ಆ ಕೋಣೆ ಇರುವುದರಿಂದ ಉಳಿದ ಕ್ಲಾಸುಗಳು ಒಂದಿಂಚೂ ಬದಲಾಗಬೇಕಿಲ್ಲ. ಗಣಿತದ ಮೇಷ್ಟ್ರು ಬೋರ್ಡಿನ ತುಂಬ ಬರೆದು ಅಳಿಸಬಹುದು, ವಿಜ್ಞಾನದವರು ಬಾಯಲ್ಲಿ ಐದು ಕೆಲಸ ಒಟ್ಟಿಗೆ ಹೇಳಬಹುದು. ಬೋರ್ಡಿನ ಮೂಲೆಯಲ್ಲಿ ಹೋಮ್‌ವರ್ಕ್ ಬರೆದಿಡುವುದು, ದೊಡ್ಡ ಕೆಲಸವನ್ನು ಮೂರು ತುಂಡು ಮಾಡಿ ಕೊಡುವುದು, ಕಿಟಕಿ ಬಿಟ್ಟು ಮುಂದಿನ ಸಾಲಿನಲ್ಲಿ ಕೂರಿಸುವುದು, ನಡುವೆ ಡಸ್ಟರ್ ತರಲು ಸ್ಟಾಫ್ ರೂಮಿಗೆ ಕಳಿಸುವುದು, ಇವಕ್ಕೆ ಕೋಣೆಯೂ ಬೇಡ, ಡಿಪ್ಲೊಮಾವೂ ಬೇಡ. ಕಾಸೂ ಬೇಡ. ಬಹುಶಃ ಅದಕ್ಕೇ ಬ್ರೋಷರಿನಲ್ಲಿ ಇರುವುದಿಲ್ಲ.

ಹೀಗೆ ಗದ್ದಲ ಮಾಡುವ ಹುಡುಗನಾದರೂ ಕಣ್ಣಿಗೆ ಬೀಳುತ್ತಾನೆ. ಕಿಟಕಿಯಾಚೆ ನೋಡುತ್ತ ಸದ್ದಿಲ್ಲದೆ ಕುಳಿತ ಹುಡುಗಿಗೂ ಇದೇ ತೊಂದರೆ ಇರಬಹುದೆಂದು ಯಾರಿಗೆ ಹೊಳೆಯಬೇಕು? ಅವಳ ಪ್ರೋಗ್ರೆಸ್ ಕಾರ್ಡಿನಲ್ಲಿ ‘ಜಾಣೆ, ಸೋಮಾರಿ’ ಎಂದಿರುತ್ತದೆ.

ನೆಂಟರ ಸಲಹೆ ಬೇರೆಯೇ. ಹಾಸ್ಟೆಲ್ಲಿಗೆ ಹಾಕಿ, ಸರಿಹೋಗುತ್ತಾನೆ. ಇದಕ್ಕಿಂತ ಕೆಟ್ಟ ಸಲಹೆಯನ್ನು ನಾನು ಕೇಳಿಲ್ಲ. ಅವನ ಮಾತ್ರೆ, ಊಟ, ನಿದ್ದೆ ನೋಡುವವರೊಬ್ಬರು ಬೇಕು. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಹಸಿವು ಕಡಿಮೆ ಮಾಡಬಲ್ಲದು. ಮಧ್ಯಾಹ್ನದ ಡಬ್ಬಿ ತುಂಬಿದಂತೆಯೇ ವಾಪಸು ಬಂದದ್ದನ್ನು ಗಮನಿಸಲು ತಾಯಿಯೋ ಅಜ್ಜಿಯೋ ಇರಬೇಕು, ವಾರ್ಡನ್ನಿಗೆ ಅದು ಕಾಣುವುದಿಲ್ಲ. ಇನ್ನು 2007ರ ‘ತಾರೇ ಜಮೀನ್ ಪರ್’ ನೋಡಿ ಕಣ್ಣೊರೆಸಿಕೊಂಡವರು ಒಬ್ಬ ನಿಕುಂಭ್ ಸರ್ ಸಿಗಲಿ ಎಂದು ಕಾಯುತ್ತಾರೆ. ಚಿತ್ರದ ಹುಡುಗನಿಗಿದ್ದದ್ದು ಡಿಸ್‌ಲೆಕ್ಸಿಯಾ. ಅದಿರಲಿ, ಒಬ್ಬ ಮಹಾನುಭಾವ ಮೇಷ್ಟ್ರಿಂದ ಮಗು ಉದ್ಧಾರವಾಗುತ್ತದೆಂಬ ಆ ನಂಬಿಕೆ ಶಾಲೆಗಳನ್ನು ಸುಲಭವಾಗಿ ಪಾರುಮಾಡಿತು. ಒಳ್ಳೆಯ ಮೇಷ್ಟ್ರು ಜೂನ್‌ನಲ್ಲಿ ಬೇರೆ ಶಾಲೆಗೆ ಹೋಗುತ್ತಾರೆ. ಉಳಿಯುವುದು ಶಾಲೆಯ ರೂಢಿ.

ಪರ್ಯಾಯ ಶಾಲೆಗಳ ಬಗ್ಗೆಯೂ ನನಗೆ ಪೂರ್ತಿ ಭಕ್ತಿಯಿಲ್ಲ. ಜೆ. ಕೃಷ್ಣಮೂರ್ತಿಯವರ ವಿಚಾರದಲ್ಲಿ ನಡೆಯುವ, 1978ರಲ್ಲಿ ಶುರುವಾದ ಬೆಂಗಳೂರಿನ ವ್ಯಾಲಿ ಸ್ಕೂಲ್‌ನಂಥವು ಅಂಕದ ಓಟಕ್ಕೆ ಬೆನ್ನು ಹಾಕಿದ್ದು ದೊಡ್ಡ ಮಾತು. ಹೆದರಿಕೆಯಿಲ್ಲದ ಕ್ಲಾಸು ಈ ಮಕ್ಕಳಿಗೆ ಬೇಕೇ ಬೇಕು. ಆದರೆ ಸ್ವಾತಂತ್ರ್ಯದ ಹೆಸರಿನಲ್ಲಿ ಹೊತ್ತುಗೊತ್ತಿಲ್ಲದಂತಾದರೆ ಎಡಿಎಚ್‌ಡಿ ಇರುವ ಮಗು ಮತ್ತಷ್ಟು ದಿಕ್ಕು ತಪ್ಪುತ್ತದೆ. ಅದಕ್ಕೆ ಬೇಕಾದದ್ದು ಸಡಿಲ ಬೇಲಿ, ಆದರೆ ಬೇಲಿ.

ಇನ್ನೊಂದು ಪ್ರಶ್ನೆ ಕೇಳಲು ನಾಚಬಾರದು: ಒಂಬತ್ತನೇ ಕ್ಲಾಸಿನಿಂದ ಎಷ್ಟು ಮಕ್ಕಳಿಗೆ ಎನ್‌ಐಒಎಸ್ ಹಾದಿ ತೋರಿಸಿದ್ದೀರಿ? ವ್ಯವಸ್ಥೆಯಾಗಿ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲೆ, ಈ ಮಕ್ಕಳಿಗೆ ಹೇಳಿ ಮಾಡಿಸಿದ್ದು. ಒಮ್ಮೆ ಹೆಸರು ನೋಂದಾಯಿಸಿದರೆ ಐದು ವರ್ಷ ಕಾಲಾವಕಾಶ, ಒಂದೊಂದೇ ವಿಷಯ ಮುಗಿಸಿಕೊಳ್ಳಬಹುದು. ಮಗುವಿಗಾಗಿ ಅದನ್ನು ಆರಿಸಿಕೊಳ್ಳುವುದು ಬೇರೆ, ಶೇಕಡಾ ನೂರರ ಫಲಿತಾಂಶ ಕೆಡದಿರಲಿ ಎಂದು ಶಾಲೆ ಮಗುವನ್ನು ಅತ್ತ ಸಾಗಹಾಕುವುದು ಬೇರೆ. ಗೇಟಿನ ಫ್ಲೆಕ್ಸಿನಲ್ಲಿ ಕಾಣದ ಮುಖಗಳ ಲೆಕ್ಕ ಅದು.

ನಾಲ್ಕನೆಯದು ಅನುದಾನಿತ ಶಾಲೆ. ಬಣ್ಣ ಮಾಸಿದ ಗೋಡೆ, ಒಂದು ಸೆಕ್ಷನ್ನಿಗೆ 58 ಮಕ್ಕಳು, ವಿಶೇಷ ಶಿಕ್ಷಕರಿಲ್ಲ. ಅಷ್ಟುಹೊತ್ತಿಗೆ ಸುಸ್ತಾಗಿದ್ದ ಅಕ್ಕ ವರದಿಯನ್ನು ಮೇಜಿನ ಮೇಲಿಟ್ಟಳು. ಹೆಡ್‌ಮಿಸ್ಟ್ರೆಸ್ ಕನ್ನಡಕ ಹಾಕಿಕೊಂಡು ಕೊನೆಯವರೆಗೆ ಓದಿದರು. ಹೋಮ್‌ವರ್ಕಿನ ಪ್ರಶ್ನೆಗೆ, “ಸಂಜೆ ಬೆಲ್ಲಿಗೆ ಮುಂಚೆ ಅವನ ಬ್ಯಾಗು, ಡೈರಿ ನೋಡಿ ಕಳಿಸೋಕೆ ಒಬ್ಬರಿಗೆ ಹೇಳ್ತೀನಮ್ಮ. ದಿನಾ ಆಗುತ್ತೆ ಅಂತ ಮಾತು ಕೊಡಲ್ಲ,” ಎಂದರು. ನಾಲ್ಕು ಶಾಲೆಗಳಲ್ಲಿ ‘ಮಾತು ಕೊಡಲ್ಲ’ ಎಂಬ ಮಾತು ಕೇಳಿದ್ದು ಅಲ್ಲೊಂದೇ. ವರದಿ ಮುಚ್ಚಿಟ್ಟು ಸೇರಿಸಿದ್ದರೆ ಆ ಬ್ಯಾಗನ್ನು ಯಾರೂ ತೆರೆದು ನೋಡುತ್ತಿರಲಿಲ್ಲ. ಅಕ್ಕನ ಭಯ ನನಗೆ ಅರ್ಥವಾಗುತ್ತದೆ, ಮೊದಲ ಮೂರು ಕಡೆ ಅವಳು ಮಾಡಿದ್ದು ಸರಿಯೆನ್ನಲಾರೆ. ಮುಚ್ಚಿಟ್ಟ ಸಂಗತಿ ಆಗಸ್ಟ್ ತಿಂಗಳಲ್ಲಿ ಹೊರಬಿದ್ದೇ ಬೀಳುತ್ತದೆ, ಆಗ ಟಿ.ಸಿ. ತೆಗೆದುಕೊಂಡು ಹೋಗಲು ಬೇರೆ ಶಾಲೆಗಳ ಬಾಗಿಲು ಮುಚ್ಚಿರುತ್ತದೆ.

ಹುಡುಗ ಅಲ್ಲೇ ಎಂಟನೇ ಕ್ಲಾಸು ಮುಗಿಸಿದ. ಜಾಮಿಟ್ರಿ ಬಾಕ್ಸು ಮೂರು ಸಲ ಕಳೆದಿದ್ದಾನೆ, ಗಣಿತದಲ್ಲಿ 41 ಬಂದಿದೆ. ಪಿ.ಟಿ. ಪೀರಿಯಡ್ಡು ಒಂದೂ ತಪ್ಪಿಲ್ಲ.